ದೊರೆಸಾನಿಯ ಉಪವಾಸ

ಮಾರ್ಚ್ 3, ಸೋಮವಾರ

ಬೆಳಗಿನ ಆರು ಗಂಟೆಯ ಕ್ಲಾಸು ಮುಗಿಸಿ ಬಂದೆ. ಇವತ್ತು ಬ್ಯಾಂಕಿನ ಮೇಡಂ. ಕ್ಲಚ್ ಬಿಡಿ ಎಂದರೆ ಸ್ಟೀರಿಂಗ್ ಬಿಡುತ್ತಾರೆ. ಡ್ರೈವಿಂಗ್ ಸ್ಕೂಲು ಶುರುಮಾಡಿದಾಗಿನಿಂದ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಬದಲು ಬ್ರೇಕ್ ಒತ್ತಿ ಒತ್ತಿ ನನ್ನ ಮಂಡಿ ಸವೆದುಹೋಯಿತು.

ದೊರೆಸಾನಿಯ ಬಟ್ಟಲಿಗೆ ಕ್ಯಾಟ್ ಫುಡ್ ಹಾಕಿದೆ. ಮೂಸಿದಳು. ನಾಲ್ಕು ಕಾಳು ತಿಂದಂತೆ ಮಾಡಿದಳು. ಹೋದಳು. ಹಿಂದೆಯೇ ಹೋಗಿ ಎತ್ತಿಕೊಂಡೆ. ಬೆನ್ನುಮೂಳೆ ಕೈಗೆ ಸಿಗುತ್ತದೆ. ಹದಿನೈದು ವರ್ಷದ ಬೆಕ್ಕು, ಲಸಿಕೆಗೆಂದು ಆಸ್ಪತ್ರೆಗೆ ಹೋದದ್ದು ಬಿಟ್ಟರೆ ಹೊಸ್ತಿಲು ದಾಟಿದ್ದಿಲ್ಲ. ಸೋಫಾದಿಂದ ಕಿಟಕಿ, ಕಿಟಕಿಯಿಂದ ಸೋಫಾ. ಮೊನ್ನೆ ಮೊನ್ನೆಯವರೆಗೂ ದಿಂಬಿನ ಹಾಗಿದ್ದಳು. ಈಗ ದಿಂಬಿನ ಕವರ್ ಮಾತ್ರ ಉಳಿದಿದೆ.

ಡಾಕ್ಟರಿಗೆ ತೋರಿಸಬೇಕು ಎಂದೆ. ಅತ್ತೆ ಎಂದಿನಂತೆ ಬೆಕ್ಕಿಗೆ ಉತ್ತರ ಕೊಟ್ಟರು.

"ಕೇಳಿಸ್ತೇನೇ ದೊರೆಸಾನಿ? ನಿನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾರಂತೆ. ವಯಸ್ಸಾದ್ಮೇಲೆ ಎಲ್ರೂ ಸೊರಗೋದೇ ಅಂತ ಹೇಳು ಅವ್ರಿಗೆ."

ನನ್ನ ಹೆಂಡತಿ ಹೋಗಿ ಮೂರು ವರ್ಷ. ಅತ್ತೆಯ ದೊಡ್ಡ ಮಗಳು ಅವಳು, ಈ ಬೆಕ್ಕಿನ ನಿಜವಾದ ಒಡತಿ. ಅಂದಿನಿಂದ ಮನೆಯಲ್ಲಿ ಅತ್ತೆ, ಅಳಿಯ ಇಬ್ಬರೇ. ಅತ್ತೆ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಜಗಳವೇನಿಲ್ಲ… ಮಾತೆಲ್ಲ ದೊರೆಸಾನಿಯ ಮೂಲಕ ಬರುತ್ತದೆ. ನನಗೂ ಅದೇ ರೂಢಿಯಾಗಿದೆ. "ಸಾರು ಚೆನ್ನಾಗಿತ್ತು ಅಂತ ಹೇಳೇ" ಎಂದು ಬೆಕ್ಕಿಗೆ ಹೇಳಿ ಕೈ ತೊಳೆಯುತ್ತೇನೆ. ಹೊರಗಿನವರು ನೋಡಿದರೆ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನುತ್ತಾರೆ.

ಮಾರ್ಚ್ 5, ಬುಧವಾರ

ನಾದಿನಿಯ ಫೋನು. ಬೆಕ್ಕು ಸೊರಗಿದ ವಿಷಯ ಅಲ್ಲಿಗೂ ಮುಟ್ಟಿದೆ.

"ಭಾವ, ಅಮ್ಮನ್ನ ಎಷ್ಟು ಸಲ ಕರೆದೆ ಗೊತ್ತಾ? ಬೆಕ್ಕು ಇರೋವರ್ಗೂ ನಾನು ಎಲ್ಲಿಗೂ ಬರಲ್ಲ ಅಂತಾಳೆ. ಅದಕ್ಕೂ ವಯಸ್ಸಾಯ್ತು ಬಿಡಿ. ಅದರ ಕಾಲ ಮುಗಿದ್ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ನಿಮಗೂ ಪಾಪ, ಎಷ್ಟು ದಿನ ಅಂತ ತೊಂದ್ರೆ."

ತೊಂದರೆಯಂತೆ! ಹೂಂ ಹೂಂ ಎಂದು ಫೋನಿಟ್ಟೆ. ಇಲ್ಲಿ ಓದುವವರು ಯಾರೂ ಇಲ್ಲ, ನೇರವಾಗಿಯೇ ಬರೆಯುತ್ತೇನೆ — ಬೆಕ್ಕು ಹೋದರೆ ಅತ್ತೆ ಹೋಗುತ್ತಾರೆ. ಅತ್ತೆ ಹೋದರೆ ಈ ಮನೆಯಲ್ಲಿ ನಾನು, ಮತ್ತೆ ಗುರುಗುಟ್ಟುವ ಫ್ರಿಜ್ಜು. ಹೆದರಿಕೆಯಾಗಿದೆ ನನಗೆ.

ಆಗುವುದಿಲ್ಲ. ಬಿಡುವುದಿಲ್ಲ. ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿ ಶುಕ್ರವಾರ ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಮಾರ್ಚ್ 7, ಶುಕ್ರವಾರ

ಬೆಕ್ಕಿಗೆ ಗಂಟೆ ಕಟ್ಟುವುದಂತಿರಲಿ, ಬೆಕ್ಕನ್ನು ಬುಟ್ಟಿಗೆ ಹಾಕುವವರು ಯಾರು? ಅಟ್ಟದಿಂದ ಪ್ಲಾಸ್ಟಿಕ್ ಬುಟ್ಟಿ ಇಳಿಸಿದ ಸದ್ದಿಗೇ ಮಾಯ. ಬೀರುವಿನ ಹಿಂದೆ, ಸಂದಿಯಲ್ಲಿ, ಎರಡು ಕಣ್ಣು. ಪೊರಕೆ, ಟಾರ್ಚು, ಪುಸಲಾಯಿಸುವುದು, ಬೈಯುವುದು… ಅತ್ತೆ ಹಾಲ್‌ನಲ್ಲಿ ಕೂತು ಪೇಪರ್ ಓದುತ್ತಿದ್ದರು. ಸಹಾಯಕ್ಕೆ ಬರಲಿಲ್ಲ. ಪೇಪರಿನ ಹಾಳೆಯನ್ನೂ ತಿರುವಲಿಲ್ಲ. ಕೊನೆಗೆ ಟವೆಲ್ ಸುತ್ತಿ ಎಳೆದೆ. ಕೈಯೆಲ್ಲ ಪರಚು.

ಹೊರಗೆ ಬ್ಯಾಂಕಿಗೆ ರಜೆ ಹಾಕಿದ ಮೇಡಂ ಕಾಯುತ್ತಿದ್ದರು. ಅವರ ಕ್ಲಾಸು ಬಿಡುವ ಹಾಗಿಲ್ಲ, ಮುಂದಿನ ವಾರ ಟೆಸ್ಟು. ಆಸ್ಪತ್ರೆಗೇ ಓಡಿಸಿ ಎಂದೆ. ದಾರಿಯುದ್ದಕ್ಕೂ ಬೆಕ್ಕಿನ ಆರ್ತನಾದ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಯಿತು.

"ಸರ್, ಅದು ನನ್ನನ್ನೇ ಬೈತಿದೆ ಅನ್ಸುತ್ತೆ."

"ಬೈಲಿ ಬಿಡಿ, ನಾನೂ ಬೈತೀನಲ್ಲ. ಫಸ್ಟ್ ಗೇರ್ ಹಾಕಿ."

ಚೆನ್ನಾಗಿಯೇ ಓಡಿಸಿದರು, ಹೇಳಬೇಕು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತೂಕ ನೋಡಿದರು. ಹೋದ ಸಲದ ತೂಕಕ್ಕೂ ಇದಕ್ಕೂ ತಾಳೆ ಹಾಕಿ ಹುಬ್ಬು ಗಂಟಿಕ್ಕಿದರು. ಬಾಯಿ ತೆರೆಸಿದರು, ಹೊಟ್ಟೆ ಒತ್ತಿದರು, ಎದೆ ಕೇಳಿದರು. ಎದೆಬಡಿತ ಜೋರಿದೆ, ಹೆದರಿಕೆಗೂ ಇರಬಹುದಂತೆ.

"ಊಟ ಹೇಗೆ ಮಾಡ್ತಾಳೆ?"

"ಮೊದಲಿನ ಹಾಗಿಲ್ಲ. ಬಟ್ಟಲಲ್ಲಿ ಅರ್ಧಕ್ಕರ್ಧ ಉಳಿದಿರುತ್ತೆ."

"ಊಟ ಬಿಟ್ಟು ತೂಕ ಇಳೀತಿದೆ ಅಂದ್ರೆ… ಹೊಟ್ಟೇಲಿ ಗಡ್ಡೆ ಏನಾದ್ರೂ ಇದೆಯಾ ನೋಡ್ಬೇಕು. ಇರಲೂಬಹುದು, ಇಲ್ದೇನೂ ಇರಬಹುದು."

ಅಡ್ಡಗೋಡೆಯ ಮೇಲೆ ದೀಪ. ಸೋಮವಾರ ಖಾಲಿ ಹೊಟ್ಟೆಯಲ್ಲಿ ಕರೆತರಬೇಕು, ಮಂಪರು ಕೊಟ್ಟು ಸ್ಕ್ಯಾನ್ ಮಾಡಿ ಬಾಯಿಯನ್ನೂ ನೋಡುತ್ತಾರಂತೆ. ಹಿಂದಿನ ರಾತ್ರಿಯಿಂದ ಏನೂ ಕೊಡಬಾರದು ಎಂದು ಎರಡು ಸಲ ಹೇಳಿದರು.

ಮನೆಗೆ ಬಂದು ಅದನ್ನೇ ಹೇಳಿದೆ. ಗಡ್ಡೆಯ ಮಾತು ಬಿಟ್ಟೆ. ಅತ್ತೆ ಬುಟ್ಟಿಯ ಬಾಗಿಲು ತೆಗೆಯುತ್ತಾ ಕೇಳಿದರು, "ಖಾಲಿ ಹೊಟ್ಟೇಲಾ?" ಬೆಕ್ಕನ್ನು ಕೇಳಿದರೋ ನನ್ನನ್ನೋ ತಿಳಿಯಲಿಲ್ಲ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಬರೆದರಾದರೂ ಮನಸ್ಸಿನ ಭಾರ ಇಳಿಯುತ್ತದೋ ನೋಡೋಣ.

ನಿನ್ನೆ ಸಂಜೆಯೇ ಬಟ್ಟಲು ಎತ್ತಿಟ್ಟಿದ್ದೆ. ಬೆಳಗ್ಗೆ ಎರಡು ಕ್ಲಾಸು ಮುಗಿಸಿ ಬಂದು ಕರೆದೊಯ್ದೆ. ಸೂಜಿ ಹಾಕಬೇಕು ಎನ್ನುವಷ್ಟರಲ್ಲಿ ದೊರೆಸಾನಿ ಮೇಜಿನ ಮೇಲೆ, ಎಲ್ಲರ ಎದುರಿಗೆ, ಬಸಬಸ ವಾಂತಿ. ಡಾಕ್ಟರಮ್ಮ ಬಗ್ಗಿ ನೋಡಿದರು.

"ಸರ್, ಇದು ಚಿಕನ್ ಅಲ್ವಾ?"

"ನಾನು ಕೊಟ್ಟಿಲ್ಲ ಡಾಕ್ಟ್ರೇ."

"ಹಾಗಾದ್ರೆ ಅವಳೇ ಬೇಯಿಸ್ಕೊಂಡ್ಲಾ? ತುಂಬಿದ ಹೊಟ್ಟೇಲಿ ಮಂಪರು ಕೊಟ್ಟಿದ್ರೆ ಏನಾಗ್ತಿತ್ತು ಗೊತ್ತಾ?"

ಸ್ಕ್ಯಾನೂ ಇಲ್ಲ, ಗೀನೂ ಇಲ್ಲ. ತಲೆ ತಗ್ಗಿಸಿ ವಾಪಸು ಬಂದೆ. ದಾರಿಯಲ್ಲಿ ಮೈಯೆಲ್ಲ ಉರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ — ಇಲ್ಲಿ ಬೆಕ್ಕಲ್ಲ, ಅತ್ತೆ!

ಒಳಗೆ ಹೋದವನೇ ಕೇಳಿದೆ. "ಅತ್ತೆ, ಬೆಳಗ್ಗೆ ಇವಳಿಗೆ ಊಟ ಕೊಟ್ರಾ?"

ಅತ್ತೆ ಬೆಕ್ಕಿನ ಕಡೆ ತಿರುಗಿದರು. "ಹಸ್ಕೊಂಡು ಅಳ್ತಿದ್ಯಲ್ಲೇ ಕಂದ…"

"ಬೆಕ್ಕಿನ ಹತ್ರ ಬೇಡ. ನನ್ನ ಹತ್ರ ಹೇಳಿ."

ಜೋರಾಗಿಯೇ ಅಂದೆ. ಅತ್ತೆಯ ಮುಂದೆ ನಾನು ದನಿ ಏರಿಸಿದ್ದು ಇದೇ ಮೊದಲು. ಅವರು ನನ್ನ ಮುಖ ನೋಡಿದರು. ನೇರವಾಗಿ.

"ಹೂಂ, ಕೊಟ್ಟೆ. ಏನೀಗ? ಅವಳನ್ನೂ ಹಿಂಗೇ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ ಅಂದಿದ್ರು. ಆಪರೇಷನ್ ದಿವಸ. ನೀವು ಗಾಡಿ ತೆಗೀತಿದ್ರಿ. ಅಮ್ಮಾ, ಒಂದೇ ಒಂದು ಗುಟುಕು ಕಾಫಿ ಕೊಡಮ್ಮ, ತಲೆ ಸುತ್ತುತ್ತೆ ಅಂದ್ಲು. ಡಾಕ್ಟ್ರು ಬೇಡ ಅಂದಿದಾರೆ, ಬಂದ್ಮೇಲೆ ಕುಡಿ ಅಂತ ಗದರ್ದೆ. ಬಂದ್ಲಾ? ಹಸ್ಕೊಂಡೇ ಹೋದ್ಲಲ್ಲ ನನ್ನ ಮಗಳು. ಇನ್ನೊಂದು ಜೀವಾನ ಹಂಗೆ ಕಳ್ಸು ಅಂದ್ರೆ ನನ್ನ ಕೈಲಾಗಲ್ಲ."

ಅಲ್ಲೇ ಕುರ್ಚಿಯ ಮೇಲೆ ಕೂತೆ. ಗೊತ್ತಿರಲಿಲ್ಲ ನನಗೆ. ಮೂರು ವರ್ಷ ಒಂದೇ ಸೂರಿನ ಕೆಳಗಿದ್ದು ಗೊತ್ತಿರಲಿಲ್ಲ. ನನ್ನ ಮೇಲೆ ಸಿಟ್ಟು ಇವರಿಗೆ, ಮಗಳನ್ನು ಉಳಿಸಿಕೊಳ್ಳಲಿಲ್ಲ ಎಂದು — ಹಾಗೆಂದೇ ತಿಳಿದಿದ್ದೆ. ಸಿಟ್ಟೆಲ್ಲ ತಮ್ಮ ಮೇಲೆಯೇ ಇಟ್ಟುಕೊಂಡಿದ್ದಾರೆ. ನೀರು ತಂದುಕೊಟ್ಟೆ. ಕುಡಿದರು.

ಆಮೇಲೆ ಅತ್ತೆಯೇ ಮೆಲ್ಲಗೆ ಹೇಳಿದರು. "ಇವತ್ತೊಂದು ದಿನದ್ದಲ್ಲ. ದಿನಾ ಕೊಡ್ತೀನಿ. ನೀವು ಹಾಕೋದು ಬೆಣಚುಕಲ್ಲು, ಅದನ್ನ ಯಾರು ತಿಂತಾರೆ? ನೀವು ಬೆಳಗ್ಗೆ ಹೋಗ್ತಿದ್ದ ಹಾಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಸಂಜೆ ಇನ್ನೊಂದ್ಸಲ. ಬಟ್ಟಲು ನೆಕ್ಕಿ ಇನ್ನೂ ಬೇಕು ಅಂತಾಳೆ. ಈಚೀಚೆಗಂತೂ ಕೊಟ್ಟಷ್ಟೂ ಸಾಲ್ದು."

ತಟ್ಟನೆ ಹೊಳೆಯಿತು.

"ಏನಂದ್ರಿ? ಕೊಟ್ಟಷ್ಟೂ ಸಾಲ್ದಾ?"

"ಹೂಂ ಮತ್ತೆ. ಬಕಾಸುರಿ ಆಗಿದಾಳೆ."

ಊಟ ಬಿಟ್ಟಿದ್ದಾಳೆ ಎಂದು ನಾನು ಡಾಕ್ಟರಿಗೆ ಹೇಳಿ ಬಂದಿದ್ದೇನೆ! ಅತ್ತೆ ಕೊಟ್ಟದ್ದು ನನಗೆ ಗೊತ್ತಿಲ್ಲ, ನಾನು ಡಾಕ್ಟರಿಗೆ ಹೇಳಿದ್ದು ಅತ್ತೆಗೆ ಗೊತ್ತಿಲ್ಲ. ಎಲ್ಲ ಗೊತ್ತಿದ್ದದ್ದು ದೊರೆಸಾನಿಗೆ ಮಾತ್ರ. ಇಬ್ಬರ ಮಾತನ್ನೂ ಹೊತ್ತವಳು ತನ್ನ ಮಾತು ಹೇಳಲಿಲ್ಲ, ಕಳ್ಳಿ.

ಆಸ್ಪತ್ರೆಗೆ ಫೋನ್ ಮಾಡಿದೆ. ಹೇಳುತ್ತಿದ್ದ ಹಾಗೆ ಡಾಕ್ಟರಮ್ಮ ಕಿರುಚಿಬಿಟ್ಟರು.

"ಸರ್, ಮೊದಲೇ ಹೇಳ್ಬಾರ್ದಿತ್ತಾ? ಇದು ಬೇರೆ ಕಥೆ. ಚೆನ್ನಾಗಿ ತಿಂದೂ ಸೊರಗ್ತಿದ್ರೆ ಥೈರಾಯ್ಡ್ ಇರಬಹುದು. ಆ ಎದೆಬಡಿತಕ್ಕೂ ಅದೇ ಕಾರಣ ಇರಬಹುದು. ಮಂಪರೂ ಬೇಡ, ಉಪವಾಸಾನೂ ಬೇಡ. ಮೊದ್ಲು ರಕ್ತ ನೋಡೋಣ. ನಾಳೆ ಕರ್ಕೊಂಡು ಬನ್ನಿ."

ಉಪವಾಸ ಬೇಡವಂತೆ ಎಂದೆ. ಅತ್ತೆ ಎದ್ದು ಒಳಗೆ ಹೋದರು. ಪಾತ್ರೆಯ ಸದ್ದು ಕೇಳಿಸಿತು. ನನಗೂ ಒಂದು ಲೋಟ ಕಾಫಿ ಬಂತು.

ಮಾರ್ಚ್ 13, ಗುರುವಾರ

ಥೈರಾಯ್ಡೇ. ಗಡ್ಡೆ ಗಿಡ್ಡೆ ಸದ್ಯಕ್ಕೆ ತಲೆಗೆ ಹಚ್ಚಿಕೊಳ್ಳಬೇಡಿ ಎಂದರು. ದಿನಕ್ಕೆ ಎರಡು ಹೊತ್ತು ಮಾತ್ರೆ. ತಪ್ಪಿಸುವಂತಿಲ್ಲ. ತಿಂಗಳು ಬಿಟ್ಟು ಮತ್ತೆ ರಕ್ತ. ಥೈರಾಯ್ಡ್ ಹದಕ್ಕೆ ಬಂದ ಮೇಲೆ ಕಿಡ್ನಿ ಹೇಗಿದೆ ಎಂದು ನಿಜವಾಗಿ ಗೊತ್ತಾಗುತ್ತದಂತೆ. ಅದೊಂದು ಭಯ ಬಾಕಿ.

ಇರಲಿ. ಹೆಸರಿರುವ ಕಾಯಿಲೆ. ಮಾತ್ರೆಯಿರುವ ಕಾಯಿಲೆ. ಕಾದಾಡಬಹುದು.

ಮಾರ್ಚ್ 14, ಶುಕ್ರವಾರ

ಸೋತೆ. ಮಾತ್ರೆ ಬಾಯಿಗೆ ಹಾಕಿದೆ, ಮೂತಿ ಹಿಡಿದೆ, ಗಂಟಲು ಸವರಿದೆ. ನುಂಗಿದ ಹಾಗೆ ನಟಿಸಿದಳು. ಸೋಫಾದ ಹಿಂದೆ ಹೋಗಿ ತುಪುಕ್ ಎಂದು ಉಗುಳಿದಳು.

ಚಿಕನ್ ತುಂಡಿನೊಳಗೆ ಇಟ್ಟೆ. ಚಿಕನ್ ತಿಂದಳು. ಮಾತ್ರೆಯನ್ನು ಬಟ್ಟಲಿನ ಅಂಚಿನಲ್ಲಿ ಇಟ್ಟು ಹೋದಳು.

ಮಾರ್ಚ್ 16, ಭಾನುವಾರ

ಅತ್ತೆ ಎರಡು ದಿನ ಸುಮ್ಮನೆ ನೋಡಿದರು. ಇವತ್ತು ತಡೆಯಲಾಗಲಿಲ್ಲ.

"ಬಿಡಿ ಅತ್ಲಾಗೆ! ಕಾರು ರಿಪೇರಿ ಮಾಡ್ತಿದೀರಾ? ಮಗಳನ್ನ ಹೆತ್ತು ಸಾಕಿದ್ದು ನಾನು, ಜ್ವರದ ಮಾತ್ರೆ ನುಂಗ್ಸಿದ್ದು ನಾನು. ಇದೇನು ಮಹಾ."

ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು, ಕೆನ್ನೆಯ ಎರಡೂ ಕಡೆ ಬೆರಳಿಟ್ಟರು. ಬಾಯಿ ತಾನಾಗಿ ತೆರೆಯಿತು. "ಹಾಕಿ, ಹಾಕಿ, ಏನು ಮುಖ ನೋಡ್ತೀರಾ!" ಹಾಕಿದೆ. ನುಂಗಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಈ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕು ಎಷ್ಟು ಕಾಲವಾಯಿತೋ.

ಬೆಳಗಿನ ಕ್ಲಾಸು ಏಳಕ್ಕೆ ಹಾಕಿಕೊಂಡೆ. ಮಾತ್ರೆ ಮೊದಲು, ಕ್ಲಚ್ಚು ಆಮೇಲೆ.

ಏಪ್ರಿಲ್ 11, ಶುಕ್ರವಾರ

ತಿಂಗಳಿಂದ ಬರೆಯಲು ಪುರುಸೊತ್ತಿಲ್ಲ. ಒಂದೇ ಒಂದು ಹೊತ್ತೂ ಮಾತ್ರೆ ತಪ್ಪಿಲ್ಲ.

ಇವತ್ತು ರಕ್ತದ ದಿನ. ಬುಟ್ಟಿ ಎತ್ತಿಕೊಂಡು ಹೊರಗೆ ಬಂದರೆ ಅತ್ತೆ ಚಪ್ಪಲಿ ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದಾರೆ. ಮಗಳು ಹೋದ ಮೇಲೆ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತುವುದಿಲ್ಲ ಎಂದಿದ್ದವರು. ನಾನು ಬಾಗಿಲು ತೆಗೆದೆ.

"ಅವತ್ತು ಮನೇಲೇ ಉಳಿದೆ," ಎಂದರು ಅರ್ಧ ದಾರಿಯಲ್ಲಿ. "ಇವತ್ತು ಉಳಿಯಕ್ಕೆ ಆಗಲ್ಲ." ಬುಟ್ಟಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದರು. ನಾನು ಗಾಡಿ ನಿಧಾನಕ್ಕೆ ಓಡಿಸಿದೆ. ಹಿಂದಿನವನು ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ.

ತೂಕ ಏರಿದೆ! ಎದೆಬಡಿತ ಇಳಿದಿದೆ. ಕಿಡ್ನಿ ಸ್ವಲ್ಪ ಹಳತಾಗಿದೆ, ವಯಸ್ಸಿಗೆ ತಕ್ಕ ಹಾಗೆ. ಅತ್ತೆ ಡಾಕ್ಟರಮ್ಮನನ್ನು ಬಿಡದೆ ಕೇಳಿದರು, ಎಷ್ಟು ದಿನ ಇರ್ತಾಳೆ?

"ಗ್ಯಾರಂಟಿ ಕೊಡಲ್ಲ ಅಮ್ಮಾ. ಒಂದು ವರ್ಷವೋ ಎರಡೋ. ಹೀಗೇ ನೋಡ್ಕೊಂಡ್ರೆ ಚೆನ್ನಾಗಿರ್ತಾಳೆ."

"ಅಷ್ಟು ಸಾಕು," ಎಂದರು ಅತ್ತೆ. ನನಗೆ ಸಾಕಾಗಲಿಲ್ಲ. ಒಂದೋ ಎರಡೋ ವರ್ಷ, ಆಮೇಲೆ? ಬರುವಾಗ ಅದೇ ಯೋಚನೆ.

ಏಪ್ರಿಲ್ 13, ಭಾನುವಾರ. ಸಂಜೆ

ನಾದಿನಿ ಫೋನ್ ಮಾಡಿದ್ದಳು. ಬೆಕ್ಕು ಹುಷಾರಾಗಿದೆ ಎಂದೆ. "ಅಯ್ಯೋ, ಹಾಗಾದ್ರೆ ಅಮ್ಮ ಸದ್ಯಕ್ಕೆ ಬರಲ್ಲ ಅನ್ನಿ," ಎಂದಳು. ಫೋನನ್ನು ಅತ್ತೆಗೆ ಕೊಟ್ಟು ಅಡುಗೆಮನೆಗೆ ಹೋದೆ. ಕದ್ದು ಕೇಳಬೇಕೆಂದು ನಿಲ್ಲಲಿಲ್ಲ, ಆದರೂ ನಿಂತೆ.

"ಬೆಕ್ಕಿಗೋಸ್ಕರ ಇಲ್ಲಿದೀನಿ ಅಂತ ಯಾರು ಹೇಳಿದ್ದು ನಿಂಗೆ? … ನಾನೇ ಹೇಳಿದ್ನಾ? ಹೇಳಿರ್ತೀನಿ. ಮತ್ತೇನು, ಅಳಿಯನ್ನ ಬಿಟ್ಟು ಬರೋಕೆ ಮನಸ್ಸಿಲ್ಲ ಅಂತ ಬಾಯಿಬಿಟ್ಟು ಹೇಳಕ್ಕಾಗುತ್ತೇನೇ? … ಬೆಕ್ಕು ಇರ್ಲಿ, ಹೋಗ್ಲಿ, ನಾನು ಇಲ್ಲೇ. ನೀನೇ ಬಂದು ನಾಲ್ಕು ದಿನ ಇದ್ದು ಹೋಗು."

ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಆರಿಸುವುದು ಹೊಳೆಯಲಿಲ್ಲ. ಐವತ್ತೆಂಟು ವರ್ಷದ ಗಂಡಸು, ಒಲೆಯ ಮುಂದೆ ನಿಂತು ಗಳಗಳನೆ ಅತ್ತುಬಿಟ್ಟೆ.

ಈಗ ಸ್ವಲ್ಪ ಸಮಾಧಾನವಾಗಿದೆ. ಹೊರಗೆ ಹೋಗಿ ಏನಾದರೂ ಹೇಳಬೇಕು ಅವರಿಗೆ. ಏನೆಂದು ಹೇಳಲಿ? ಮೊದಲು ಹಾಲಿನ ವಿಷಯ ಹೇಳಿ, ಆಮೇಲೆ…

ಕರೆಯುತ್ತಿದ್ದಾರೆ. "ಎಲ್ಲಿದೀರಾ? ಮಾತ್ರೆ ಹೊತ್ತಾಯ್ತು, ಬೆಕ್ಕು ಕೈಲಿದೆ, ಬೇಗ ಬ—"

ಬಂದೆ, ಅತ್ತೆ