ನನ್ನ ಅತ್ತೆಗೆ ತಾವು ಕೊಟ್ಟ ಸೊನ್ನೆ

ಜಿಲ್ಲಾ ಆರೋಗ್ಯ ವಿಮಾ ಕಚೇರಿಯ ನಿರ್ದೇಶಕರೇ, ಮಾನ್ಯರೇ,

ನನ್ನ ಅತ್ತೆ ಸಾಫ್ತಾ, ವಯಸ್ಸು ಎಪ್ಪತ್ತೆಂಟು, ಕುರ್ಚಿಯಿಂದ ಏಳಲಾರರು ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಆ ತೀರ್ಮಾನದ ಕಾಗದ ಬಂದ ದಿನ ಅಂಗಳ ದಾಟಿ ಬೇಲಿಬಾಗಿಲವರೆಗೆ ನಡೆದುಹೋಗಿ, ಅಂಚೆಯವಳಿಂದ ಅದನ್ನು ಇಸಿದುಕೊಂಡು, ಸಹಿ ಹಾಕಿ, ಅವಳ ಸೈಕಲ್ ಬುಟ್ಟಿಗೆ ನಾಲ್ಕು ಸೇಬು ಹಾಕಿ ಕಳಿಸಿದವರು ಅದೇ ಸಾಫ್ತಾ. ಏಳಲಾರದವರಿಗೆ ಬಿಸಿನೀರಿನ ಬುಗ್ಗೆಯ ಚಿಕಿತ್ಸೆ ಕೊಟ್ಟು ಫಲವೇನು ಎಂದು, ಚಳಿಗಾಲಕ್ಕೆ ಮುಂಚೆ ಅವರಿಗೆ ಸಿಗುತ್ತಿದ್ದ ಹನ್ನೆರಡು ದಿನಗಳ ಚಿಕಿತ್ಸೆಯನ್ನು ತಾವು ವಿಮೆಯಿಂದ ಕಿತ್ತುಹಾಕಿದ್ದೀರಿ. ಆ ಹನ್ನೆರಡು ದಿನ ನನಗೆ ವಾಪಸು ಬೇಕು. ಮೂರು ಸಲ ತಮಗೆ ಖಾಸಗಿಯಾಗಿ ಬರೆದೆ. ಮೂರಕ್ಕೂ "ತಮ್ಮ ಪತ್ರ ತಲುಪಿದೆ" ಎಂಬ ಒಂದೇ ಸಾಲಿನ ಉತ್ತರ. ತಲುಪಿದ್ದರ ಬಗ್ಗೆ ನನಗೆ ಸಂಶಯವಿಲ್ಲ, ಯಾರಾದರೂ ಓದಿದರೇ ಎಂಬುದು ಸಂಶಯ. ಅದಕ್ಕೇ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ಹಳ್ಳಿಯ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ ಕಲಿತವಳು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಎಣಿಕೆಯಲ್ಲಿ ಮಾತ್ರ ತಪ್ಪಿಲ್ಲ: ಹದಿನಾರಕ್ಕೆ ನಮ್ಮ ಮೇಷ್ಟ್ರು ಎಂದೂ ಸೊನ್ನೆ ಎಂದು ಹೇಳಿಕೊಟ್ಟಿರಲಿಲ್ಲ.

ನಡೆದದ್ದು ಹೀಗೆ. ಮೂರು ವರ್ಷದ ಕೆಳಗೆ ಪ್ಲಮ್ ಹಣ್ಣು ಕೀಳಲು ಏಣಿ ಹತ್ತಿದ್ದ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು. ಆ ಚಳಿಗಾಲವಿಡೀ ಅವರು ಹಾಸಿಗೆಯಲ್ಲಿದ್ದರು. ಎರಡು ಗಂಟೆಗೊಮ್ಮೆ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿಸುವವಳು ನಾನು. ನನ್ನ ಗಂಡ ತುದೋರ್ ಕಾಡಿನ ಮರದ ಕೆಲಸಕ್ಕೆ ಹೋದರೆ ವಾರಕ್ಕೊಮ್ಮೆ ಮುಖ ತೋರಿಸುವ ಮನುಷ್ಯ. ವಸಂತದಲ್ಲಿ ಬುಗ್ಗೆಯ ಚಿಕಿತ್ಸೆ ಸಿಕ್ಕಿತು. ಅತ್ತೆ ಹೋಗುವಾಗ ಇಬ್ಬರು ಎತ್ತಿ ಗಾಡಿಗೆ ಹಾಕಿದೆವು, ಬರುವಾಗ ಕೋಲೂರಿಕೊಂಡು ತಾವೇ ಇಳಿದರು. ತಿಂಗಳು ಕಳೆಯುವಷ್ಟರಲ್ಲಿ ಆ ಕೋಲು ಬಾತುಗಳನ್ನು ಅಟ್ಟಲು ಬಳಕೆಯಾಗುತ್ತಿತ್ತು. "ಪ್ರತಿ ವರ್ಷ ಚಳಿ ಬೀಳೋಕೆ ಮುಂಚೆ ಒಂದ್ಸಲ ಕರ್ಕೊಂಡ್ ಹೋಗಿ, ಇಲ್ಲಾಂದ್ರೆ ಕೀಲು ಹಿಡ್ಕೊಳ್ಳತ್ತೆ, ಮತ್ತೆ ಹಾಸಿಗೇನೇ" ಎಂದು ವೈದ್ಯರು ಹೇಳಿದ್ದರು. ಎರಡು ವರ್ಷ ಹಾಗೇ ಮಾಡಿದೆವು. ಎರಡು ಚಳಿಗಾಲವೂ ಅವರು ಹಾಸಿಗೆ ಹಿಡಿಯಲಿಲ್ಲ.

ಈ ವರ್ಷ ತಮಗೆ ಜ್ಞಾನೋದಯವಾಯಿತು. "ಚುರುಕಿನ ಇಳಿವಯಸ್ಸು, ನಗುವ ಕುಟುಂಬ" ಎಂಬ ಯೋಜನೆ ಬಂತು. ಚರ್ಚಿನ ಎದುರಿನ ಫಲಕಕ್ಕೆ ತಮ್ಮವರು ಅಂಟಿಸಿಹೋದ ಚಿತ್ರವನ್ನು ತಾವು ನೋಡಿರಬೇಕು: ನರೆತ ಕೂದಲಿನ ಒಬ್ಬ ಹೆಂಗಸು, ಗುಲಾಬಿ ಬಣ್ಣದ ಬೂಟು, ಎರಡೂ ಕೈಯಲ್ಲಿ ಚಿಕ್ಕ ಕಬ್ಬಿಣದ ಗುಂಡು, ಬಾಯ್ತುಂಬ ಹಲ್ಲು. ಅತ್ತೆ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಆ ಗುಂಡು ಯಾತಕ್ಕೆ?"

"ಎತ್ತಿ ಇಳಿಸೋಕೆ ಅವ್ವಾ. ತೋಳಿಗೆ ಬಲ ಬರ್ತದಂತೆ."

"ಎತ್ತಿ ಎಲ್ಲಿಗೆ ತಗೊಂಡ್ ಹೋಗ್ತಾಳೆ?"

"ಎಲ್ಲಿಗೂ ಇಲ್ಲ."

"ಪಾಪ, ಅವಳ ಮನೇಲಿ ಬಾವಿ ಇಲ್ವೇನೋ" ಎಂದು ಶಿಲುಬೆಯ ಗುರುತು ಹಾಕಿಕೊಂಡು ಮುಂದೆ ನಡೆದರು.

ಆಗಸ್ಟಿನಲ್ಲಿ ನಮ್ಮೂರ ಸಭಾಭವನದಲ್ಲಿ ಪರೀಕ್ಷೆ ನಡೆಯಿತು. ಎಪ್ಪತ್ತು ದಾಟಿದವರೆಲ್ಲ ಬರಬೇಕು, ಬಂದವರ ಅಂಕ ನೋಡಿ ಯಾರಿಗೆ ಯಾವ ಚಿಕಿತ್ಸೆ ಎಂದು ತೀರ್ಮಾನ. ತಮ್ಮ ಪರೀಕ್ಷಕಿ ಒಳ್ಳೆಯ ಹುಡುಗಿ, ಅವಳ ಮೇಲೆ ನನ್ನ ದೂರಿಲ್ಲ. ಕುರ್ಚಿ ಹಾಕಿದಳು, ಕೈಯಲ್ಲಿ ಗಡಿಯಾರ ಹಿಡಿದಳು. ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂಬುದೇ ಪರೀಕ್ಷೆ. ಕೈಯೂರಿ ಏಳಬಾರದಲ್ಲ, ಅದಕ್ಕೆ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಇಟ್ಟುಕೊಳ್ಳಬೇಕು.

"ಅಜ್ಜಿ, ಹೀಗೆ. ಬಲಗೈ ಈ ಕಡೆ, ಎಡಗೈ ಆ ಕಡೆ."

ಅತ್ತೆ ಅವಳ ಮುಖ ನೋಡಿದರು. "ಹಂಗೆ ಇಡಲ್ಲ ಕಣವ್ವ."

"ನೋವಿದ್ಯಾ ಕೈಯಲ್ಲಿ?"

"ಕೈಲಿ ಏನೂ ನೋವಿಲ್ಲ. ಹಂಗೆ ಇಡೋದು ಸತ್ತೋರಿಗೆ. ನಾನಿನ್ನೂ ಇದ್ದೀನಿ."

ಸಭಾಭವನದಲ್ಲಿ ಯಾರೂ ನಗಲಿಲ್ಲ. ನಮ್ಮಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ಉಡಿಸಿ, ಎರಡೂ ಕೈ ಎದೆಯ ಮೇಲೆ ಅಡ್ಡಡ್ಡ ಇಟ್ಟು, ಬೆರಳ ಸಂದಿಗೆ ಮೇಣದ ಬತ್ತಿ ಸಿಕ್ಕಿಸುತ್ತೇವೆ. ಹಳೆಯ ಹೆಂಗಸರು ಮಲಗುವಾಗಲೂ ಕೈ ಆ ಕಡೆ ಹೋಗದಂತೆ ನೋಡಿಕೊಳ್ಳುತ್ತಾರೆ. ತೊಟ್ಟಿಲ ಮಗು ಹಾಗೆ ಕೈ ಇಟ್ಟುಕೊಂಡರೆ ಮೆಲ್ಲಗೆ ಬಿಡಿಸುತ್ತೇವೆ. ಇದು ಅಂಧಶ್ರದ್ಧೆ ಎನ್ನುತ್ತೀರಾ? ಇರಬಹುದು. ತಮ್ಮ ಕಚೇರಿಯ ಕಟ್ಟಡದಲ್ಲಿ ಹದಿಮೂರನೆಯ ನಂಬರಿನ ಕೋಣೆಯೇ ಇಲ್ಲ, ಹನ್ನೆರಡಾದ ಮೇಲೆ ಹದಿನಾಲ್ಕು. ನಾನು ಎಣಿಸಿ ಬಂದಿದ್ದೇನೆ.

ಕೊನೆಗೆ ಅತ್ತೆ ಸೆರಗಂಚು ಹಿಡಿಯುವ ಹಾಗೆ ತಮ್ಮ ಏಪ್ರನ್ನಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಎದ್ದು ಕೂತರು. ಎಲ್ಲಿಯೂ ಊರಲಿಲ್ಲ. ಹದಿನಾರು ಸಲ. ಊರಿನ ಮೂವತ್ತು ಜನ ಗಟ್ಟಿಯಾಗಿ ಎಣಿಸಿದರು. ಪರೀಕ್ಷಕಿಯೂ ಎಣಿಸಿದಳು, ಚಪ್ಪಾಳೆ ತಟ್ಟಿದಳು, ಆಮೇಲೆ ಮುಖ ಸಣ್ಣ ಮಾಡಿಕೊಂಡು ಸೊನ್ನೆ ಬರೆದಳು. ಕೈ ಎದೆಯ ಮೇಲಿಲ್ಲದಿದ್ದರೆ ಸೊನ್ನೆ ಬರೆಯಬೇಕೆಂದು ತಮ್ಮ ಹಾಳೆಯಲ್ಲಿ ಅಚ್ಚಾಗಿದೆಯಂತೆ.

ಪಕ್ಕದ ಮನೆಯ ಇಲಾರಿಯೆ ಮಾವ ಹನ್ನೊಂದು ಸಲ ಎದ್ದು ತೇರ್ಗಡೆಯಾದ. ಅವನಿಗೆ ಸೊಂಟದಲ್ಲಿ ಏನೂ ಇಲ್ಲ, ಇರುವುದೆಲ್ಲ ಪಿತ್ತಜನಕಾಂಗದಲ್ಲಿ. ಹೆಂಡದಂಗಡಿಯಲ್ಲಿ ಪ್ರತಿ ಲೋಟಕ್ಕೂ ಎದ್ದು ನಿಂತು ಯಾರದಾದರೂ ಆರೋಗ್ಯ ಹಾರೈಸುವುದು ಅವನ ಐವತ್ತು ವರ್ಷದ ವ್ಯಾಯಾಮ. ಅವನಿಗೆ ತಾವು ಹನ್ನೆರಡು ದಿನ ಬುಗ್ಗೆ ಮಂಜೂರು ಮಾಡಿದ್ದೀರಿ. ಮನುಷ್ಯ ಕೆಟ್ಟವನಲ್ಲ. ಮರುದಿನವೇ ಚೀಟಿ ಹಿಡಿದು ಬಂದ.

"ತಗೋ ಸಾಫ್ತಾ, ನನ್ ಬದಲು ನೀನ್ ಹೋಗು. ನನಗೆ ನೀರು ಅಂದ್ರೆ ಆಗಲ್ಲ, ಊರಿಗೇ ಗೊತ್ತು."

"ಗುರುತಿನ ಚೀಟಿ ಕೇಳ್ತಾರೆ. ಮೀಸೇನೂ ಕೊಡ್ತೀಯಾ?"

"ನಿಂಗ್ಯಾಕೆ ನನ್ ಮೀಸೆ, ನಿಂದೇ ಐತಲ್ಲ!"

ಅತ್ತೆ ಕೋಲು ತೆಗೆದುಕೊಂಡರು. ಸೊನ್ನೆ ಅಂಕದ ಹೆಂಗಸಿನಿಂದ ತಪ್ಪಿಸಿಕೊಳ್ಳಲು ಹನ್ನೊಂದು ಅಂಕದ ಗಂಡಸು ಬೇಲಿ ಹಾರಬೇಕಾಯಿತು.

ಬುಗ್ಗೆ ತಪ್ಪಿಸಿದರೂ ತಾವು ಕೈಬಿಡಲಿಲ್ಲ. ದಯಾಳುಗಳು. "ಸಂಪೂರ್ಣ ಪರಾವಲಂಬಿ, ಕುಟುಂಬದ ಆರೈಕೆಗೆ ಒಪ್ಪಿಸಲಾಗಿದೆ" ಎಂಬ ಕಾಗದದ ಹಿಂದೆಯೇ ಒಂದು ಗಾಲಿಕುರ್ಚಿ, ದೊಡ್ಡವರಿಗೆ ಕಟ್ಟುವ ಡೈಪರಿನ ಎರಡು ಮೂಟೆ, ರೋಗಿಯನ್ನು ಮಗ್ಗುಲು ಬದಲಿಸುವುದು ಹೇಗೆಂಬ ಬಣ್ಣದ ಪುಸ್ತಿಕೆ ಬಂದವು. ಈ ಮೂರರ ಬೆಲೆಯಲ್ಲಿ ಅವರನ್ನು ಎರಡು ಸಲ ಬುಗ್ಗೆಗೆ ಕಳಿಸಬಹುದಿತ್ತು ಎಂದು ತಂದಿಳಿಸಿದವನೇ ಹೇಳಿದ. ಏನೂ ಹಾಳಾಗಿಲ್ಲ ಎಂದು ತಿಳಿಸಲು ಸಂತೋಷಿಸುತ್ತೇನೆ. ಡೈಪರುಗಳನ್ನು ಅತ್ತೆ ಅಂಗಳದ ನಲ್ಲಿಯ ಕೊಳವೆಗೆ ಸುತ್ತಿ ಕಟ್ಟಿದ್ದಾರೆ, ಈ ವರ್ಷ ಹಿಮಕ್ಕೆ ಅದು ಒಡೆಯುವುದಿಲ್ಲ. ಗಾಲಿಕುರ್ಚಿಯಲ್ಲಿ ಹಿತ್ತಲಿನ ಕುಂಬಳಕಾಯಿಗಳು ಮನೆಗೆ ಬಂದವು, ಒಂದು ಸಲಕ್ಕೆ ಐದು. ನೂಕಿದವರು ಯಾರು ಎಂದು ಬಿಡಿಸಿ ಹೇಳಬೇಕೇ?

ಮಾನ್ಯರೇ, ಮೇಲ್ಮನವಿಗೆ ರೋಗಿ ಖುದ್ದಾಗಿ ಬರಬೇಕೆಂದು ಪುಸ್ತಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ. ಬಂದೆವು. ತಮ್ಮ ಲಿಫ್ಟು ಕೆಟ್ಟಿತ್ತು. ಮೂರನೆಯ ಮಹಡಿಗೆ ಅತ್ತೆ ಹತ್ತಿದರು, ನಡುವೆ ಒಂದೇ ಸಲ ನಿಂತರು, ಅದೂ ನನಗೆ ಏದುಸಿರು ಬಂದದ್ದರಿಂದ. ಕಿಟಕಿಯ ಹಿಂದಿನ ಗುಮಾಸ್ತೆ ಕಂಪ್ಯೂಟರ್ ನೋಡಿದರು.

"ರೋಗಿ ಎಲ್ಲಿ?"

"ನಾನೇ" ಎಂದರು ಅತ್ತೆ.

"ಇಲ್ಲ, ಸಾಫ್ತಾ ಅನ್ನೋರು. ಏಳೋಕಾಗದವರು."

"ನಾನೇ ಕಣಮ್ಮ ಸಾಫ್ತಾ."

"ನೀವು ನಿಂತ್ಕೊಂಡಿದೀರಲ್ಲ."

"ಕುರ್ಚಿ ಕೊಡು, ಕೂತ್ಕೊತೀನಿ."

"ಅದಲ್ಲಮ್ಮ. ಇದ್ರಲ್ಲಿ ನಿಮಗೆ ಏಳೋಕಾಗಲ್ಲ ಅಂತಿದೆ. ಏಳೋಕಾಗದವರ ಮನವಿ ಆಂಬುಲೆನ್ಸ್ ಚೀಟಿ ಜೊತೆಗೇ ತಗೋಬೇಕು."

"ಹಂಗಾದ್ರೆ ನಾನಿಲ್ಲಿ ಇಲ್ಲ" ಎಂದರು ಅತ್ತೆ. "ಸರಿ. ಮತ್ತೆ ನೀನು ಇಷ್ಟೊತ್ತು ಯಾರ ಹತ್ರ ಮಾತಾಡ್ತಾ ಇದ್ದೆ? ನಿನಗೂ ಏನಾದ್ರೂ ಪರೀಕ್ಷೆ ಮಾಡಿಸ್ಬೇಕಲ್ಲ ಮಗಳೇ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತೆಯೂ ನಕ್ಕರು. ಕಾಗದ ಮಾತ್ರ ವಾಪಸು ಬಂತು.

ನನಗೆ ಒಂದು ವಿಷಯ ಅರ್ಥವಾಗುವುದಿಲ್ಲ. ತಾವು ಅಳೆಯಲು ಬಂದದ್ದು ಕಾಲಿನ ಬಲವನ್ನೋ, ಕೈಯ ವಿಧೇಯತೆಯನ್ನೋ? ಈಸ್ಟರಿನ ಮುಂಚಿನ ಉಪವಾಸದಲ್ಲಿ ನನ್ನ ಅತ್ತೆ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಮತ್ತೆ ನೆಟ್ಟಗೆ ನಿಲ್ಲುತ್ತಾರೆ. ಮೊದಲು ದಿನಕ್ಕೆ ನೂರು ಸಲ, ಸೊಂಟ ಮುರಿದ ಮೇಲೆ ವೈದ್ಯರು ಬೈದದ್ದಕ್ಕೆ ಹನ್ನೆರಡು. ತಮ್ಮ ಚಿತ್ರದಲ್ಲಿನ ಗುಲಾಬಿ ಬೂಟಿನವಳನ್ನು ಕರೆತನ್ನಿ, ಹನ್ನೆರಡಾದರೂ ಮಾಡಲಿ ನೋಡೋಣ. ಬೈಬಲಿನ ಕಥೆಯಲ್ಲಿ, ಮೂವತ್ತೆಂಟು ವರ್ಷ ಏಳಲಾರದೆ ಕೊಳದ ಪಕ್ಕ ಬಿದ್ದಿದ್ದವನನ್ನು ನಮ್ಮ ಪ್ರಭು ಎಬ್ಬಿಸಿದಾಗ, ಮೊದಲು ಕೈ ಸರಿಯಾಗಿ ಇಟ್ಟುಕೋ ಎನ್ನಲಿಲ್ಲ. ತಮ್ಮ ವಿಭಾಗದವರು ಅಲ್ಲಿದ್ದಿದ್ದರೆ ಅವನಿನ್ನೂ ಅಲ್ಲೇ ಇರುತ್ತಿದ್ದ.

ಇಷ್ಟು ನಗಾಡಿದ್ದಾಯಿತು. ಈಗ ಒಂದು ಮಾತನ್ನು ನಗದೆ ಹೇಳುತ್ತೇನೆ, ಆಮೇಲೆ ತಮ್ಮಿಷ್ಟ.

ಕಚೇರಿಯಿಂದ ಮರಳಿದ ಮೇಲೆ ನಾನು ಸೋತೆ. ಬುಗ್ಗೆಗಳು ಅಕ್ಟೋಬರ್ ಕೊನೆಗೆ ಮುಚ್ಚುತ್ತವೆ, ಮತ್ತೆ ತೆರೆಯುವುದು ಏಪ್ರಿಲಿನಲ್ಲಿ. ಬೆಳಗಿನ ಚಳಿಗೆ ಅತ್ತೆ ಆಗಲೇ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಸೊಂಟ ಹಿಡಿದುಕೊಂಡು, ಆಮೇಲೆ ಏಳುತ್ತಿದ್ದಾರೆ. ನನಗೂ ಐವತ್ತಾಯಿತು, ಬೆನ್ನು ಮೊದಲಿನಂತಿಲ್ಲ. ಮತ್ತೊಂದು ಚಳಿಗಾಲ ಅವರನ್ನು ಹೊರಳಿಸಲು ನನ್ನಿಂದಾಗದು. ಅಡುಗೆಮನೆಯಲ್ಲಿ ನಿಂತು ಅವರಿಗೆ ಹೇಳಿಬಿಟ್ಟೆ:

"ಅವ್ವಾ, ಅರ್ಧ ನಿಮಿಷ. ಕಣ್ಣು ಮುಚ್ಕೊಂಡು ಕೈ ಇಟ್ಬಿಡು. ಪಾದ್ರಿಗಳ ಹತ್ರ ಪಾಪ ನಾನು ಒಪ್ಕೊತೀನಿ."

ಮರುದಿನ ಬೆಳಗ್ಗೆ ಹಾಲು ಕರೆದು ಒಳಗೆ ಬಂದಾಗ ಅವರು ದೇವಮಾತೆಯ ಪಟದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಲಗೈ ಎದೆಯ ಮೇಲೆ ಬಂದಿತ್ತು. ಎಡಗೈ ಅರ್ಧಕ್ಕೆ ಬಂದು ಗಾಳಿಯಲ್ಲೇ ನಿಂತಿತ್ತು. ನನ್ನನ್ನು ಕಂಡು ಕೆಳಗಿಳಿಸಿದರು.

"ಆಗ್ತಾ ಇಲ್ಲ ಕಣೇ ಜಾಂಫಿರಾ. ನಿನ್ ಸಲುವಾಗಿ ಮಾಡೋಣ ಅಂತಾನೇ ಕೂತೆ. ವೆತಾ ನೆನಪಾಗ್ತಾಳೆ."

ವೆತಾ ಯಾರೆಂದು ಇಪ್ಪತ್ತೆಂಟು ವರ್ಷ ಸೊಸೆಯಾಗಿದ್ದರೂ ನನಗೆ ಗೊತ್ತಿರಲಿಲ್ಲ. ನನ್ನ ಗಂಡನಿಗಿಂತ ಮೊದಲು ಹುಟ್ಟಿದ ಮಗಳು. ಆರನೆಯ ವಯಸ್ಸಿಗೆ ಗಂಟಲುಬೇನೆಯಲ್ಲಿ ಹೋದಳು. "ಕೈ ಇಡಕ್ಕೆ ಹೋದ್ರೆ ನಿಲ್ತಾನೇ ಇರ್ಲಿಲ್ಲ, ಸಣ್ಣ ಕೈ, ಜಾರಿ ಜಾರಿ ಬೀಳ್ತಿತ್ತು" ಎಂದರು ಅತ್ತೆ. "ರಿಬ್ಬನ್ನಲ್ಲಿ ಕಟ್ಟಿದೆ. ನಾನೇ ಕಟ್ಟಿದೆ." ಅಷ್ಟು ಹೇಳಿ ಎದ್ದು ಕುರ್ಚಿಯನ್ನು ಅದರ ಜಾಗಕ್ಕೆ ಎತ್ತಿಟ್ಟರು. ನಾನು ಹಾಲಿನ ಪಾತ್ರೆ ಕೆಳಗಿಟ್ಟೆ. ಅವರನ್ನು ಇನ್ನು ಮುಂದೆ ಆ ಮಾತು ಕೇಳುವುದಿಲ್ಲ ಎಂದು ಅದೇ ಪಟದ ಮುಂದೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ಈಗ ಬಗ್ಗಬೇಕಾದವರು ತಾವು.

ನನ್ನ ಬೇಡಿಕೆ ದೊಡ್ಡದಲ್ಲ. ಬುಗ್ಗೆ ಮುಚ್ಚಲು ಮೂರು ವಾರವಿದೆ. ಅಷ್ಟರೊಳಗೆ ಪರೀಕ್ಷಕಿಯನ್ನು ಮತ್ತೆ ಕಳಿಸಿ. ಅತ್ತೆ ಕೈ ಸೊಂಟದ ಮೇಲಿಡಲಿ, ಏಪ್ರನ್ ಹಿಡಿಯಲಿ, ಬೇಕಾದರೆ ಎರಡು ಬಕೆಟ್ ನೀರು ಹಿಡಿದು ಎದ್ದು ಕೂರುತ್ತಾರೆ, ಅದನ್ನು ಅವಳು ಎಣಿಸಿ ಬರೆಯಲಿ. ಅಥವಾ ಆಗಸ್ಟಿನಲ್ಲಿ ಎಣಿಸಿದ ಹದಿನಾರನ್ನು ಹದಿನಾರೆಂದೇ ಬರೆಯಿರಿ. ಹಾಳೆಯಲ್ಲಿ ಜಾಗವಿಲ್ಲವೆಂದರೆ ಹಾಳೆ ಬದಲಿಸಿ. ಅದು ತಾವು ಅಚ್ಚು ಹಾಕಿಸಿದ್ದು, ಸ್ವರ್ಗದಿಂದ ಇಳಿದದ್ದಲ್ಲ.

ನನ್ನ ಅತ್ತೆಯ ಕೈಗಳನ್ನು ಎದೆಯ ಮೇಲೆ ಇಡುವ ಕೆಲಸ ಒಂದು ದಿನ ಇದೆ. ಅದು ನನ್ನ ಕೆಲಸ. ನೀರು ಬೆಚ್ಚಗೆ ಮಾಡಿ ತೊಳೆದು, ಒಳ್ಳೆಯ ಅಂಗಿ ತೊಡಿಸಿ, ಮೊದಲು ಎಡಗೈ, ಮೇಲೆ ಬಲಗೈ. ಅದಕ್ಕೆ ತಮ್ಮ ಪುಸ್ತಿಕೆ ಬೇಡ. ದೇವರು ಹೇಳಿದ ದಿನ ಮಾಡುತ್ತೇನೆ, ಒಂದು ದಿನ ಮುಂಚೆಯಲ್ಲ, ತಮಗೋಸ್ಕರವಂತೂ ಅಲ್ಲ. ಅಲ್ಲಿಯವರೆಗೆ ಆ ಕೈಗಳನ್ನು ಅವರಿಗೇ ಬಿಟ್ಟು, ಸೊಂಟಕ್ಕೆ ಬಿಸಿನೀರು ಕೊಡಿ.

ಇಂತಿ,
ತಮ್ಮ ದಾಖಲೆಯಲ್ಲಿ "ಹಾಸಿಗೆ ಹಿಡಿದವರ ಆರೈಕೆದಾರಳು" ಎಂದು ನಮೂದಾಗಿರುವ, ಆರೈಕೆಗೆಂದು ಹುಡುಕಿದರೆ ಅತ್ತೆ ಹಿತ್ತಲಲ್ಲೂ ಸಿಗದೆ ಬೇಲಿಯ ಮೇಲೆ ಕೈಯಿಟ್ಟು ಕೂಗುತ್ತಿರುವ,
ಜಾಂಫಿರಾ, ತುದೋರನ ಹೆಂಡತಿ
ಪಿಯಾತ್ರಾ ಮಿಕಾ ಗ್ರಾಮ