ಕಾರಿನಲ್ಲಿ ತಿಂದದ್ದು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 11.20

ಎರಡನೇ ಡ್ರೈವಿಂಗ್ ಕ್ಲಾಸ್ ಮುಗಿಯಿತು. ಬ್ಯಾಂಕಿನ ಹುಡುಗಿ. ಕ್ಲಚ್ ಬಿಡುವಾಗ ಇವತ್ತೂ ಕಾರು ಕಪ್ಪೆ ಹಾರಿದ ಹಾಗೆ ಹಾರಿತು. ಹಿಂದಿನ ಲಾರಿಯವನು ಹಾರ್ನ್ ಮಾಡಿದ ಮಾಡಿದ... ಅವಳು ಇಳಿದು ಹೋದರೂ ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ.

ಮುಂದಿನವರು ಬರುವುದಕ್ಕೆ ಹತ್ತು ನಿಮಿಷ. ಕ್ರೀಂ ಬಿಸ್ಕತ್ತು ಒಂದು ಪ್ಯಾಕೆಟ್, ಒಂದು ಬನ್ನು. ಖಾಲಿ. ಅಗಿದ ನೆನಪಿಲ್ಲ. ಸೀಟಿನ ಪುಡಿ ಕೊಡವಿದೆ. ಪ್ಯಾಕೆಟ್ ಮಡಚಿ ಸೀಟಿನ ಕೆಳಗೆ.

ಇನ್ನೊಂದು ನೋಟ್‌ಬುಕ್ ಇದೆ. ಕ್ಲಿನಿಕ್ಕಿನ ನರ್ಸ್ ಕೊಟ್ಟದ್ದು. ಬಾಯಿಗೆ ಹೋದದ್ದೆಲ್ಲ ಅದರಲ್ಲಿ ಬರೆಯಬೇಕು. ಹೋದ ವಾರದ ರಿಪೋರ್ಟ್: ಮೂರು ತಿಂಗಳ ಸರಾಸರಿ ಸಕ್ಕರೆ 6.2, ತೂಕ 88. “ಶುಗರ್ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ. ಒಳಗೆ ಕರೀಬೇಕೋ ಬೇಡ್ವೋ, ಬಹುಪಾಲು ನಿಮ್ಮ ಕೈಲಿದೆ,” ಎಂದಿದ್ದರು ನರ್ಸ್.

ಆ ನೋಟ್‌ಬುಕ್ಕಿನಲ್ಲಿ ಇವತ್ತು ಹನ್ನೊಂದು ಗಂಟೆಗೆ ಬರೆದದ್ದು — ಒಂದು ಲೋಟ ನೀರು.

ಸುಳ್ಳಿಗೊಂದು ಪುಸ್ತಕ ಇರುವಾಗ ನಿಜಕ್ಕೂ ಒಂದು ಇರಲಿ. ಅದಕ್ಕೇ ಇದು.

ಮಾರ್ಚ್ 6, ಗುರುವಾರ. ರಾತ್ರಿ

ಹೆಂಡತಿ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿದಳು. ಸಕ್ಕರೆ, ಮಿಕ್ಸ್ಚರ್, ಕೇಕು, ಎಲ್ಲ ಪಕ್ಕದ ಮನೆಗೆ. ಮಗಳು ಮುಖ ಊದಿಸಿಕೊಂಡಳು. ರಾತ್ರಿಯ ಊಟಕ್ಕೆ ನನ್ನ ತಟ್ಟೆಯಲ್ಲಿ ಅರ್ಧ ಅನ್ನ, ಉಳಿದದ್ದೆಲ್ಲ ತರಕಾರಿ. ಅವಳ ತಟ್ಟೆಯಲ್ಲೂ ಅಷ್ಟೇ.

“ನಿನಗ್ಯಾಕೆ ಇದೆಲ್ಲ?” ಎಂದೆ.

“ಎದುರಿಗೆ ಕೂತು ನಾನು ತಿಂದ್ರೆ ನಿಮಗೆ ಆಸೆ ಆಗಲ್ವಾ? ಒಬ್ಬರೇ ಪಥ್ಯ ಮಾಡೋದು ಕಷ್ಟ ಕಣ್ರೀ.”

ನನ್ನ ಅಪ್ಪನ ಕೊನೆಯ ವರ್ಷಗಳನ್ನು ಅವಳು ನೋಡಿದ್ದಾಳೆ. ಲಾರಿ ಓಡಿಸುತ್ತಿದ್ದ ಮನುಷ್ಯ. ಶುಗರ್ ಮೊದಲು ಒಂದು ಬೆರಳು ಕೇಳಿತು, ಆಮೇಲೆ ಪಾದ. ಎಡಗಾಲು. ಕ್ಲಚ್ ಒತ್ತುವ ಕಾಲು. ಡ್ರೆಸ್ಸಿಂಗ್ ಮಾಡುತ್ತಿದ್ದವಳು ಇವಳೇ. ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಊಟ ಸಾಲಲಿಲ್ಲ ಅನ್ನಿಸಲಿಲ್ಲ. ಹೇಗೆ ಅನ್ನಿಸೀತು, ಐದು ಗಂಟೆಗೆ ಎರಡು ಬನ್ನು ಹೋಗಿತ್ತು.

ಮಾರ್ಚ್ 19, ಬುಧವಾರ

ಹೊಸ ಸ್ಟೂಡೆಂಟ್. ಅರವತ್ತೊಂದು ವರ್ಷದ ಹೆಂಗಸು. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿ ರಿಟೈರ್ ಆದವರು. ಫಾರಂ ತುಂಬಿಸುವಾಗಲೇ ಹೇಳಿದರು, ಶುಗರ್ ಇದೆ, ಹತ್ತು ವರ್ಷದಿಂದ ಮಾತ್ರೆ.

ನನ್ನನ್ನು “ಮೇಷ್ಟ್ರೇ” ಎನ್ನುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದವರ ಬಾಯಲ್ಲಿ ಹಾಗೆ ಕರೆಸಿಕೊಳ್ಳಲು ನಾಚಿಕೆ. ಗೇರ್ ಬದಲಿಸುವ ಮುನ್ನ ಪ್ರತಿಸಲ “ಈಗ ಎರಡು, ಮುಂದೆ ಮೂರು” ಎಂದು ಜೋರಾಗಿ ಹೇಳಿಕೊಳ್ಳುತ್ತಾರೆ. ತಪ್ಪಿದರೆ ತಮಗೆ ತಾವೇ, “ಬೆಂಚ್ ಮೇಲೆ ನಿಂತ್ಕೊ.”

ಇವತ್ತಿನದು: ಬಿಸ್ಕತ್ತು ಎರಡು ಪ್ಯಾಕೆಟ್, ಚಿಪ್ಸ್, ಜ್ಯೂಸ್. ಮನೆಯಲ್ಲಿ ಬೆಳಿಗ್ಗೆ ಬರೀ ಕಾಫಿ, ಸಕ್ಕರೆ ಇಲ್ಲದ್ದು. ತಿಂಡಿ ಬಿಟ್ಟದ್ದಕ್ಕೆ ಇವಳ ಎದುರು ದೊಡ್ಡ ಮನುಷ್ಯನಾದೆ.

ಏಪ್ರಿಲ್ 3, ಗುರುವಾರ

ಕ್ಲಿನಿಕ್. ತೂಕ 89. ಒಂದು ಕೆಜಿ ಜಾಸ್ತಿ.

ನರ್ಸ್ ನೋಟ್‌ಬುಕ್ಕನ್ನು ನಿಧಾನವಾಗಿ ತಿರುವಿದರು. “ಇದರ ಪ್ರಕಾರ ನೀವು ಇಷ್ಟು ಹೊತ್ತಿಗೆ ಗಾಳಿಗೆ ಹಾರಿ ಹೋಗ್ಬೇಕಿತ್ತು.”

“ನೀರು ಕುಡಿದ್ರೂ ಮೈ ಬರುತ್ತೆ ನನಗೆ.”

ಅವರು ನಗಲಿಲ್ಲ. “ತುಂಬಾ ಇಳಿಸಿ ಅಂತ ಕೇಳ್ತಿಲ್ಲ ನಾನು. ನಾಲ್ಕೈದು ಕೆಜಿ. ಅಷ್ಟಕ್ಕೇ ಅಪಾಯ ಎಷ್ಟೋ ಕಮ್ಮಿ ಆಗುತ್ತೆ,” ಎಂದು ಪುಸ್ತಕ ವಾಪಸು ಕೊಟ್ಟರು.

ಹೊರಗೆ ಇವಳು ಕಾಯುತ್ತಿದ್ದಳು. ತೂಕ ಹೇಳಿದೆ. ಪೆಚ್ಚಾದಳು. ದಾರಿಯಿಡೀ ಏನೋ ಲೆಕ್ಕ ಹಾಕಿದಳು. “ಅನ್ನ ಇನ್ನೂ ಸ್ವಲ್ಪ ಕಮ್ಮಿ ಮಾಡೋಣ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ಸರಿ. ಮನೆಯವಳಿಗೂ ಹಾಲು ಬಿಡಿಸುವ ಬೆಕ್ಕು ನಾನೊಬ್ಬನೇ ಇರಬೇಕು.

ಏಪ್ರಿಲ್ 15, ಮಂಗಳವಾರ. ಮಧ್ಯಾಹ್ನ 12.40



ಟೀಚರ್ ಕ್ಲಾಸ್. ಸರ್ಕಲ್ಲಿನಲ್ಲಿ ಎಡಕ್ಕೆ ಹೋಗಿ ಎಂದೆ. ಹೋಗಲಿಲ್ಲ. ಇನ್ನೊಂದು ಸುತ್ತು ಬಂದರು. ಮತ್ತೆ ಹೇಳಿದೆ. ಮೂರನೇ ಸುತ್ತು. ಗೇರಿನ ಲೆಕ್ಕ ಹೇಳುವ ದನಿ ನಿಂತುಹೋಗಿದೆ ಎಂದು ಆಗ ಗೊತ್ತಾಯಿತು. ತಿರುಗಿ ನೋಡಿದರೆ ಕತ್ತಿನ ಮೇಲೆಲ್ಲ ಬೆವರು. ಕಣ್ಣು ರಸ್ತೆಯ ಮೇಲಿದೆ, ಆದರೆ ನೋಡುತ್ತಿಲ್ಲ.

ನನ್ನ ಕಡೆಯ ಬ್ರೇಕ್ ಒತ್ತಿದೆ. ಸ್ಟೀರಿಂಗ್ ಎಳೆದು ಪಕ್ಕಕ್ಕೆ ತಂದೆ. “ಟೀಚರ್, ತಿಂಡಿ ಆಯ್ತಾ?”

“ಮಾತ್ರೆ... ತಗೊಂಡೆ.”

ತಿಂಡಿ ಮರೆತಿದ್ದರು, ಸಕ್ಕರೆ ತೀರ ಇಳಿದಿತ್ತು. ಅಪ್ಪನಿಗೆ ಹೀಗೆ ಆದದ್ದು ನೋಡಿದ್ದೇನೆ. ಸೀಟಿನ ಕೆಳಗೆ ಕೈ ಹಾಕಿ ಜ್ಯೂಸ್ ಬಾಟಲಿ ತೆಗೆದೆ. ನಾನೇ ಹಿಡಿದು ಕುಡಿಸಿದೆ. ಹತ್ತು ಹದಿನೈದು ನಿಮಿಷಕ್ಕೆ ಮುಖಕ್ಕೆ ಬಣ್ಣ ಬಂತು. ಆಮೇಲೆ ಬಿಸ್ಕತ್ತು ಕೊಟ್ಟೆ, ತಿಂದರು. ಬಾಟಲಿ ಎಳೆದ ರಭಸಕ್ಕೆ ಖಾಲಿ ಪ್ಯಾಕೆಟ್‌ಗಳೆಲ್ಲ ಅವರ ಕಾಲ ಬಳಿ ಬಂದು ಬಿದ್ದಿದ್ದವು. ನೋಡಿದರು.

“ಸ್ಟೂಡೆಂಟ್ಸ್ ಬಿಟ್ಟು ಹೋಗ್ತಾರೆ,” ಎಂದೆ.

ಎಣಿಸಿದರು. ಲೆಕ್ಕದ ಟೀಚರ್ ಅಲ್ಲವೇ. “ಹನ್ನೊಂದು. ಎಲ್ಲ ಒಂದೇ ಥರದ್ದು. ನಿಮ್ಮ ಸ್ಟೂಡೆಂಟ್ಸ್‌ಗೆಲ್ಲ ಒಂದೇ ರುಚಿ ನೋಡಿ ಮೇಷ್ಟ್ರೇ.”

ಪ್ಯಾಕೆಟ್‌ಗಳನ್ನು ಒಟ್ಟುಮಾಡಿ ಮತ್ತೆ ಸೀಟಿನ ಕೆಳಗೆ ತುರುಕಿದೆ.

“ನಲವತ್ತೈದಕ್ಕೆ ನನಗೂ ಹೇಳಿದ್ರು, ಅಂಚಿನಲ್ಲಿದೆ, ಹುಷಾರು ಅಂತ. ಸ್ಟಾಫ್ ರೂಮಿನ ಬೀರುವಿನಲ್ಲಿ ನನ್ನದೂ ಒಂದು ಡಬ್ಬ ಇತ್ತು. ಕೀಲಿ ನನ್ನ ಹತ್ರ. ಮನೆಯವರ ಎದುರು ಒಂದು ತುತ್ತೂ ಜಾಸ್ತಿ ತಿಂತಿರಲಿಲ್ಲ.”

ಅಷ್ಟೇ ಹೇಳಿದ್ದು. ಮನೆಗೆ ಬಿಟ್ಟು, ಅವರ ತಂಗಿಗೆ ವಿಷಯ ತಿಳಿಸಿ, ಡಾಕ್ಟರಿಗೆ ಫೋನ್ ಮಾಡಿಸಿ ಬಂದೆ.

ಏಪ್ರಿಲ್ 17, ಗುರುವಾರ

ಸಂಜೆ ಬಂದಾಗ ಇವಳು ಕಿಟಕಿಯ ಹತ್ತಿರ ಕೂತು ಅಂಗಡಿಯ ಯೂನಿಫಾರ್ಮಿನ ಸೊಂಟ ಬಿಗಿ ಮಾಡಿ ಹೊಲಿಯುತ್ತಿದ್ದಳು. ಇದು ಎರಡನೇ ಸಲವಂತೆ. ಕುತ್ತಿಗೆಯ ಮೂಳೆ ಕಾಣುತ್ತಿದೆ.

“ಮನೇಲಿ ಒಬ್ಬರಿಗಾದ್ರೂ ಇಳೀತಲ್ಲ,” ಎಂದು ನಕ್ಕಳು.

ಹೇಳಿಬಿಟ್ಟೆ. ನಿಂತುಕೊಂಡೇ. ಬನ್ನು, ಬಿಸ್ಕತ್ತು, ಸೀಟಿನ ಕೆಳಗು, ನರ್ಸಿನ ನೋಟ್‌ಬುಕ್ಕು, ಎಲ್ಲ.

ಸೂಜಿ ಬಟ್ಟೆಯಲ್ಲೇ ನಿಂತಿತು. “ದಿನಾನಾ?”

“ದಿನಾ.”

“ಮೊದಲಿನಿಂದ್ಲೂ?”

“ಹ್ಞೂಂ.”

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ದಾರ ಕಚ್ಚಿ ಹರಿದಳು. “ಅಂಗಡೀಲಿ ನಾಲ್ಕು ಗಂಟೆಗೆ ಎಷ್ಟು ಹಸಿವಾಗ್ತಿತ್ತು ಗೊತ್ತಾ ನನಗೆ? ನೀವೂ ಹಸ್ಕೊಂಡಿರ್ತೀರ ಅಂದ್ಕೊಂಡು ಸುಮ್ಮನಿರ್ತಿದ್ದೆ.”

ಒಳಗೆ ಹೋದಳು.

ಏಪ್ರಿಲ್ 22, ಮಂಗಳವಾರ

ಮಾತಿಲ್ಲ. ಐದನೇ ದಿನ. ತಟ್ಟೆ ತುಂಬ ಬಡಿಸಿ ಇಟ್ಟು ಹೋಗುತ್ತಾಳೆ. ಅರ್ಧ ತಟ್ಟೆಗಿಂತ ಈ ತುಂಬಿದ ತಟ್ಟೆ ಹೆಚ್ಚು ಚುಚ್ಚುತ್ತದೆ. ಮಗಳು ಇಬ್ಬರ ಮುಖವನ್ನೂ ನೋಡಿ, “ಉಪ್ಪು ಬೇಕು ಅಂತ ಅಪ್ಪ ಹೇಳ್ತಿದ್ದಾರೆ, ಅಮ್ಮ,” ಎಂದು ಪೋಸ್ಟ್‌ಮ್ಯಾನ್ ಕೆಲಸ ಮಾಡುತ್ತಾಳೆ. ನಾನು ಉಪ್ಪು ಕೇಳಿರಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನನಗೆ ಎರಡೂ ಬರಲಿಲ್ಲ.

ಕಾರು ತೊಳೆದೆ. ಸೀಟಿನ ಕೆಳಗೂ.

ಏಪ್ರಿಲ್ 24, ಗುರುವಾರ

ಒಬ್ಬನೇ ಕ್ಲಿನಿಕ್ಕಿಗೆ ಹೋದೆ. ನರ್ಸಿಗೆ ಆ ಪುಸ್ತಕ ಸುಳ್ಳು ಎಂದೆ.

“ಗೊತ್ತಿತ್ತು,” ಎಂದರು. “ಬೆಳಿಗ್ಗೆ ಏನು ತಿಂತೀರಿ?”

“ಏನಿಲ್ಲ. ಕಾಫಿ.”

“ಮತ್ತೆ ಹನ್ನೊಂದಕ್ಕೆ ಹಸಿಯದೆ ಏನು ಮಾಡುತ್ತೆ ಹೊಟ್ಟೆ? ಅದರ ತಪ್ಪೇನಿದೆ?” ಬೆಳಿಗ್ಗೆ ಕೂತು ತಿನ್ನಬೇಕು. ಮೊಟ್ಟೆಯೋ ಕಾಳೋ ಇರಲಿ. ಅಗಿದು ತಿನ್ನಬೇಕು. ಊಟ ಆದಮೇಲೆ ನಡೆಯಬೇಕು. ಕಾರಿನಲ್ಲಿ ತಿನ್ನುವುದೇ ಬೇಡ. ಹಸಿವಾದರೆ ಇಳಿದು, ನಿಂತು, ಒಂದು ಹಣ್ಣು. “ಇಳಿಯೋಷ್ಟು ಹೊತ್ತಿನಲ್ಲಿ ಹಸಿವೋ ಗಾಬರಿಯೋ ಗೊತ್ತಾಗುತ್ತೆ.”

ಗಾಬರಿ. ನಾನು ಆ ಮಾತು ಯಾರಿಗೂ ಹೇಳಿರಲಿಲ್ಲ.

ಮೇ 5, ಸೋಮವಾರ

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು. “ಒಂದು ಗಂಟೆಗೆ ನನಗೆ ಬಿಡುವು. ಅಂಗಡಿ ಹಿಂದೆ ಬೆಂಚಿದೆ. ಡಬ್ಬಿ ತಗೊಂಡು ಬನ್ನಿ.”

ಹೋದೆ. ಹಿಂದಿನ ಗೋಡೆಗೆ ಒರಗಿಸಿದ ಮರದ ಬೆಂಚು, ಮುಂದೆ ನಾಲ್ಕು ಸೈಕಲ್. ಪಕ್ಕಪಕ್ಕದಲ್ಲಿ ಕೂತು ತಿಂದೆವು. ಐದು ನಿಮಿಷಕ್ಕೆ ನನ್ನ ಡಬ್ಬಿ ಖಾಲಿ. ಅವಳದು ಮುಕ್ಕಾಲು ಇತ್ತು.

“ಯಾರಾದ್ರೂ ಕಿತ್ಕೊಳ್ತಾರಾ?” ಎಂದಳು. ಹದಿನೆಂಟು ದಿನಕ್ಕೆ ಮೊದಲ ಹಾಸ್ಯ.

ಅವಳು ಡಬ್ಬಿಗೆ ಹಾಕಿಕೊಳ್ಳುವುದು ಇನ್ನೂ ಸ್ವಲ್ಪವೇ. ಕೇಳಿದರೆ, “ಅಭ್ಯಾಸ ಆಗಿದೆ.” ಅಭ್ಯಾಸ ಅಲ್ಲ. ನನ್ನನ್ನು ಇನ್ನೂ ನಂಬಿಲ್ಲ.

ಜೂನ್ 10, ಮಂಗಳವಾರ

ಒಂದು ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಇವತ್ತು ಇದೆ.

ಲೈಸೆನ್ಸ್ ಟೆಸ್ಟು. ನನ್ನ ಆರು ಜನರಲ್ಲಿ ಪಾಸಾದವರು ಟೀಚರ್ ಮತ್ತು ಇನ್ನೊಬ್ಬರು ಮಾತ್ರ. ಬ್ಯಾಂಕಿನ ಹುಡುಗಿ ಕಂಬಕ್ಕೇ ಗುದ್ದಿದಳು. ವಾಪಸು ಬರುವಾಗ ಬೇಕರಿ ಮುಂದೆ ಕಾರು ತಾನಾಗಿ ನಿಂತಿತು. ಎರಡು ಪ್ಯಾಕೆಟ್. ಕಾರಿನಲ್ಲೇ.

ಮನೆಗೆ ಬಂದು ಹೇಳಿದೆ. “ಎರಡು ಪ್ಯಾಕೆಟ್.”

ಇವಳು ಮುಖ ನೋಡಿದಳು. “ಊಟ ಬಿಡಬೇಡಿ ಮತ್ತೆ. ಬಿಟ್ರೆ ನಾಳೆ ಮೂರು ತಿಂತೀರಿ.”

ತಟ್ಟೆ ಹಾಕಿದಳು.

ಜುಲೈ 3, ಗುರುವಾರ

ತೂಕ 84. ಸಕ್ಕರೆ 5.9.

“ಹೊಸ್ತಿಲು ಬಿಟ್ಟು ಹೋಗಿಲ್ಲ,” ಎಂದರು ನರ್ಸ್. “ಆದ್ರೆ ಒಂದು ಹೆಜ್ಜೆ ಹಿಂದಕ್ಕೆ ಸರಿದಿದೆ. ಬಿಟ್ಟುಕೊಡಬೇಡಿ.” ಇವಳು ಕಾಗದ ಇಸಿದುಕೊಂಡು ಎರಡು ಸಲ ಓದಿದಳು. ಬಸ್‌ಸ್ಟಾಪಿನವರೆಗೂ ಅದನ್ನು ಚೀಲಕ್ಕೆ ಹಾಕಲಿಲ್ಲ.

ಜುಲೈ 6, ಭಾನುವಾರ. ಮಧ್ಯಾಹ್ನ 2.15

ಇವತ್ತು ಇವಳು ಬಡಿಸಲಿಲ್ಲ. ಪಾತ್ರೆಗಳನ್ನು ತಂದು ನನ್ನ ಮುಂದೆ ಇಟ್ಟಳು. “ಬಡಿಸ್ಕೊಳ್ಳಿ,” ಎಂದು ನೀರು ತರಲು ಹೋದಳು. ತಿರುಗಿ ನೋಡಲಿಲ್ಲ.

ಒಂದು ಸೌಟು ಹಾಕಿಕೊಂಡೆ. ನಿಧಾನಕ್ಕೆ ಉಂಡೆ. ಎರಡನೆಯದಕ್ಕೆ ಕೈ ಹೋಗಿ ನಿಂತಿತು. ಹಸಿವಿದೆಯಾ ಎಂದು ಕೇಳಿಕೊಂಡೆ. ಇತ್ತು. ಅರ್ಧ ಸೌಟು ಹಾಕಿಕೊಂಡೆ.

ಅಷ್ಟರಲ್ಲಿ ಬಂದಳು. ನನ್ನ ತಟ್ಟೆ ನೋಡಿದಳು. ಕೂತು, ತನ್ನ ತಟ್ಟೆಗೆ ಅನ್ನ ಹಾಕಿಕೊಂಡಳು. ಪಲ್ಯ ಹಾಕಿಕೊಂಡಳು. ಮತ್ತೆ ಅನ್ನ. ಮಗಳು ಎದ್ದು ಹೋದ ಮೇಲೂ ಅವಳು ಉಣ್ಣುತ್ತಲೇ ಇದ್ದಳು, ನಾನು ಕೂತೇ ಇದ್ದೆ.

“ಹೊಟ್ಟೆ ತುಂಬ್ತು,” ಎಂದಳು. ನಾಲ್ಕು ತಿಂಗಳಲ್ಲಿ ಅವಳ ಬಾಯಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು.

ನನಗೂ ತುಂಬಿತ್ತು. ಹೇಳೋಣ ಎಂದು ಬಾಯಿ ತೆರೆದೆ, ಅವಳು ಅಷ್ಟರಲ್ಲೇ ಪಾತ್ರೆಗಳಿಗೆ ಮುಚ್ಚಳ ಹಾಕಿ, ನನ್ನ ತಟ್ಟೆಯನ್ನು ತನ್ನದರ ಮೇಲಿಟ್ಟುಕೊಂಡು ಎದ್ದಳು.