ಕಗ್ಗಕೂರ್ವೆಯ ಊರಬಾಗಿಲಿಗೆ ಮರಳಿ ಕರೆ

ಕಡಲೇರಿಕೆಯ ನೂರ ಅರವತ್ತೆರಡನೆಯ ವರ್ಷ, ಹನ್ನೆರಡನೆಯ ತಿಂಗಳ ಆರನೆಯ ದಿನ, ಬೆಳಗಿನ ಇಳಿತದ ಹೊತ್ತು.
(ನಿಮ್ಮ ಎಣಿಕೆಯಲ್ಲಿ ಅಕ್ಟೋಬರ್ ಹದಿನಾಲ್ಕು. ಈ ಬಾರಿ ನಾನಲ್ಲದೆ ಇನ್ನಿಬ್ಬರು ಎಣಿಸಿ ನೋಡಿದ್ದಾರೆ.)

ಕನ್ನಡ ಬಲ್ಲ ಜಾಲತಾಣ ನಿರ್ಮಾಪಕರೆಲ್ಲರಿಗೆ, ವಿಶೇಷವಾಗಿ ಗದಗಿನ ಶ್ರೀಮತಿ ಶಶಿಕಲಾ ಅಣ್ಣಿಗೇರಿಯವರಿಗೆ, ಕಗ್ಗಕೂರ್ವೆ ಊರಸಭೆಯ ಬರಹಾಧಿಕಾರಿ ಬೊಮ್ಮಯ್ಯ ನಾಯಕನ ವಂದನೆಗಳು.

ನನ್ನ ಹಿಂದಿನ ಪತ್ರದಲ್ಲಿ ಒಂದು ತಪ್ಪಾಗಿದೆ. ಅದಕ್ಕಾಗಿ ಊರಿನ ಪರವಾಗಿಯೂ ನನ್ನ ಪರವಾಗಿಯೂ ಕ್ಷಮೆ ಕೋರುತ್ತೇನೆ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಪ್ರತಿ ತಿಂಗಳಿಗೆ ಇಪ್ಪತ್ತೆಂಟು ದಿನ. ಮಿಕ್ಕ ಒಂದು ದಿನ ಯಾವ ತಿಂಗಳಿಗೂ ಸೇರದೆ ಹೊಸ ವರ್ಷದ ಮೊದಲ ಉಬ್ಬರಕ್ಕೆ ಮೀಸಲು. ನಿಮ್ಮ ಅನುಕೂಲಕ್ಕೆಂದು ನಮ್ಮ ದಿನಗಳನ್ನು ನಿಮ್ಮ ದಿನಾಂಕಗಳಿಗೆ ಹೊಂದಿಸುವಾಗ, ನಿಮ್ಮ ತಿಂಗಳುಗಳೂ ಇಪ್ಪತ್ತೆಂಟು ದಿನದವೇ ಎಂದು ಭಾವಿಸಿ ಎಣಿಸಿಬಿಟ್ಟೆ. ಹೀಗಾಗಿ ಜುಲೈ ಹತ್ತೊಂಬತ್ತು ಎಂದಿರಬೇಕಾದ ಕೊನೆಯ ದಿನವು ಆಗಸ್ಟ್ ನಾಲ್ಕು ಎಂದು ನಿಮ್ಮ ಕೈಸೇರಿತು. ಆ ದಿನಾಂಕವನ್ನು ನಂಬಿದವರು ನಮ್ಮ ಲೆಕ್ಕದಲ್ಲಿ ತಡವಾದರು. ತಪ್ಪು ನಂಬಿದವರದಲ್ಲ.

ನನ್ನ ಪದಗಳು ನಿಮಗೆ ಅಪರಿಚಿತವೆನಿಸಿದರೆ ಅದನ್ನೂ ಮನ್ನಿಸಬೇಕು. ನೀವು ಟೆಂಡರು ಎನ್ನುವುದನ್ನು ನಾವು ಕರೆಯೋಲೆ ಎನ್ನುತ್ತೇವೆ. ಅದಕ್ಕೆ ಓಗೊಟ್ಟು ಬರುವ ಮುದ್ರೆಯೊತ್ತಿದ ಪತ್ರ ಒಪ್ಪೋಲೆ; ಮಾದರಿ ಜಾಲತಾಣವೂ ಅದರೊಳಗೇ ಇರಬೇಕು. ಊರಸಭೆಯ ಜಾಲತಾಣಕ್ಕೆ ನಮ್ಮಲ್ಲಿ ಊರಬಾಗಿಲು ಎಂದು ಹೆಸರು. ಈ ಪತ್ರವನ್ನು ನಿಮ್ಮ ಕಾಲಕ್ಕೆ ಒಯ್ಯುವ ಏರ್ಪಾಡಿಗೆ ಹಿಮ್ಮುಖ ಅಂಚೆ ಎನ್ನುತ್ತಾರೆ. ಅದು ಪತ್ರಗಳನ್ನು ಒಯ್ಯುತ್ತದೆ, ಪತ್ರಗಳನ್ನು ತರುತ್ತದೆ, ಮನುಷ್ಯರನ್ನು ಒಯ್ಯುವುದಿಲ್ಲ. ಹೇಗೆ ಒಯ್ಯುತ್ತದೆಂದು ನನಗೆ ತಿಳಿಯದು. ಅಂಚೆಯವರನ್ನು ಕೇಳಿದರೆ ಅಂಚೆಚೀಟಿ ಸರಿಯಾಗಿ ಅಂಟಿಸಿ ಎಂದಷ್ಟೇ ಹೇಳುತ್ತಾರೆ.

ಕಗ್ಗಕೂರ್ವೆ ಎಂಬ ಊರನ್ನು ನಿಮ್ಮ ನಕಾಶೆಯಲ್ಲಿ ಹುಡುಕಬೇಡಿ. ಕಡಲು ಏರಿದ ಮೇಲೆ, ಹೊಳೆಯ ಬಾಯಲ್ಲಿ ಮುಳುಗದೆ ಉಳಿದ ಒಂದು ಗುಡ್ಡದ ನೆತ್ತಿಯ ಸುತ್ತ ಎದ್ದ ನಡುಗಡ್ಡೆಯ ಊರು ಇದು. ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗವೆಂಬ ಭತ್ತದಿಂದ ಊರಿಗೆ ಹೆಸರು ಬಂದಿದೆ. ಮನೆಗಳು ಚಿರೆಕಲ್ಲಿನ ಎತ್ತರದ ಕಂಬಗಳ ಮೇಲಿವೆ. ಬೀದಿಗಳು ದಿನಕ್ಕೆ ಎರಡು ಬಾರಿ ನೀರಿನಿಂದ ಮೇಲೇಳುತ್ತವೆ, ಎರಡು ಬಾರಿ ಮುಳುಗುತ್ತವೆ. ಶಾಲೆ ಇಳಿತದ ಹೊತ್ತಿಗೆ ತೆರೆಯುತ್ತದೆ. ಉಬ್ಬರ ಬೇಗ ಬಂದ ದಿನ ಮಕ್ಕಳು ಕೊನೆಯ ಪಾಠವನ್ನು ದೋಣಿಯಲ್ಲಿ ಕುಳಿತು ಕೇಳುತ್ತಾರೆ. ಮದುವೆಯ ದಿಬ್ಬಣ ಬೀದಿ ಏಳುವವರೆಗೆ ಜಗಲಿಯಲ್ಲಿ ಕಾಯುತ್ತದೆ. ಆ ಕಾಯುವಿಕೆಗೆಂದೇ ನಮ್ಮಲ್ಲಿ ಬೇರೆ ಹಾಡುಗಳಿವೆ, ಬೇರೆ ತಿಂಡಿಗಳಿವೆ. ಪ್ರತಿ ಅಡುಗೆಮನೆಯ ಗೋಡೆಗೂ ಬಿಸಿಲಿನಿಂದ ನಡೆಯುವ ಒಂದು ಫಲಕವನ್ನು ತೂಗುಹಾಕಿರುತ್ತಾರೆ. ಗಂಜಿಗೆ ನೀರಿಡುವ ಮೊದಲು ಮನೆಯವರು ಅದರಲ್ಲಿ ಊರಬಾಗಿಲನ್ನು ತೆರೆದು ನೋಡುತ್ತಾರೆ. ಬೀದಿ ಎಷ್ಟು ಹೊತ್ತಿಗೆ ಏಳುತ್ತದೆ, ಸಂಜೆಯ ದೋಣಿ ಹೊರಡುತ್ತದೆಯೋ ಇಲ್ಲವೋ, ಸಿಹಿನೀರಿನ ಸರದಿ ಯಾವ ಕೇರಿಯದು, ಯಾರ ಮನೆಯಲ್ಲಿ ಹೆರಿಗೆಯಾಯಿತು, ತೇಲಿಹೋದ ಬಲೆ ಯಾರಿಗೆ ಸಿಕ್ಕಿತು, ಸಭೆ ಏನನ್ನು ತೀರ್ಮಾನಿಸಿತು ಎಂಬುದೆಲ್ಲ ಅಲ್ಲಿರುತ್ತದೆ. ಎಲ್ಲವೂ ಕನ್ನಡದಲ್ಲಿ, ಓದಿದ ಕೂಡಲೇ ಅರ್ಥವಾಗುವ ವಾಕ್ಯಗಳಲ್ಲಿ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ, ಅದನ್ನು ಮರೆಮಾಚುವುದಿಲ್ಲ.

ಊರಬಾಗಿಲನ್ನು ಕಟ್ಟಿ ನೋಡಿಕೊಳ್ಳುವ ಗುತ್ತಿಗೆ ಒಂಬತ್ತು ವರ್ಷಕ್ಕೊಮ್ಮೆ ಮುಗಿಯುತ್ತದೆ. ಈಗಿನದು ಈ ವರ್ಷದ ಕೊನೆಯ ದಿನಕ್ಕೆ ಮುಗಿಯಲಿದೆ. ಹೊಸ ವರ್ಷದ ಮೊದಲ ಉಬ್ಬರದ ದಿನ ಸ್ವಂತ ಊರಬಾಗಿಲು ಇಲ್ಲದ ಊರನ್ನು ಘಟ್ಟದ ಮೇಲಿನ ಮಹಾಸಭೆ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆ ಊರಿಗೆ ಸಭೆಯೂ ಉಳಿಯುವುದಿಲ್ಲ, ಮುದ್ರೆಯೂ ಉಳಿಯುವುದಿಲ್ಲ. ನಮ್ಮ ನೆರೆಯ ಎರಡು ಊರುಗಳಿಗೆ ಹೀಗೆಯೇ ಆಯಿತು. ಅಲ್ಲಿಯವರು ಈಗ ತಮ್ಮ ಬೀದಿ ಏಳುವ ಹೊತ್ತನ್ನು ತಿಳಿಯಲು, ಕಡಲನ್ನೇ ಕಾಣದ ನಲವತ್ತು ಊರುಗಳ ಸುದ್ದಿಯನ್ನು ಸರಿಸಿ ಸರಿಸಿ ಕೆಳಗಿಳಿಯಬೇಕು. ಅಷ್ಟರಲ್ಲಿ ಬೀದಿ ಮುಳುಗಿರುತ್ತದೆ.

ಹೀಗಿದ್ದರೂ ನಾವು ಕರೆಯೋಲೆಯಲ್ಲಿ ಅವಸರ ಮಾಡುವುದಿಲ್ಲ. ಹಿಂದೊಮ್ಮೆ ಒಂದೇ ಮನೆತನದವರು ತಲೆಮಾರುಗಳ ಕಾಲ ಊರಬಾಗಿಲನ್ನು ಹಿಡಿದಿಟ್ಟುಕೊಂಡಿದ್ದರು. ಕರೆಯೋಲೆಯನ್ನು ಅವರ ಜಗಲಿಯಲ್ಲಿ ಮಾತ್ರ ಅಂಟಿಸುತ್ತಿದ್ದರು. ಅಂದಿನಿಂದ ನಮ್ಮ ಕಟ್ಟಳೆಯ ಮೊದಲ ವಾಕ್ಯ ಇದು: ಕನ್ನಡ ಓದಬಲ್ಲ ಯಾರೇ ಆಗಲಿ, ಯಾವ ಊರಿನವರೇ ಆಗಲಿ, ಯಾವ ಕಾಲದವರೇ ಆಗಲಿ, ಕರೆಯೋಲೆ ಅವರಿಗೆ ತಲುಪತಕ್ಕದ್ದು. ನಿಮಗೆ ನಾವು ಬರೆಯುತ್ತಿರುವುದು ಉಪಕಾರವಲ್ಲ, ಕಟ್ಟಳೆ.

ಇನ್ನೊಂದು ವಾಕ್ಯವನ್ನೂ ನೀವು ತಿಳಿದಿರಬೇಕು. ಒಪ್ಪೋಲೆಗಳನ್ನು ಒಡೆದ ಬಳಿಕ ಮೌನಕೂಟ ನಡೆಯುತ್ತದೆ. ಊರಿನವರ ಹೆಸರುಗಳಿಂದ ಚೀಟಿ ಎತ್ತಿ ಒಬ್ಬರನ್ನು ಆರಿಸುತ್ತೇವೆ. ಅವರು ನಿರ್ಮಾಪಕರು ಕಟ್ಟಿದ ಮಾದರಿ ಬಾಗಿಲಿನ ಮುಂದೆ ಕುಳಿತು ತಮಗೆ ಬೇಕಾದುದನ್ನು ಹುಡುಕುತ್ತಾರೆ. ನಿರ್ಮಾಪಕರು ಪಕ್ಕದಲ್ಲಿಯೇ ಕೂರಬೇಕು, ಬಾಯಿ ತೆರೆಯಕೂಡದು. ಇಲ್ಲಿ ಒತ್ತಿ ಎಂದರೆ ಒಪ್ಪೋಲೆ ಬಿದ್ದುಹೋಯಿತು. ಬೆರಳು ತೋರಿದರೂ ಬಿದ್ದುಹೋಯಿತು. ಹುಬ್ಬು ಹಾರಿಸಿ ಗುತ್ತಿಗೆ ಕಳೆದುಕೊಂಡವರೂ ಉಂಟು. ಬಳಸುವವರ ಪಕ್ಕದಲ್ಲಿ ನಿರ್ಮಾಪಕರು ಒಂಬತ್ತು ವರ್ಷವೂ ಕೂತಿರುವುದಿಲ್ಲ; ಅವರಿಲ್ಲದೆಯೂ ಬಾಗಿಲು ಬಳಕೆಗೆ ಬರುತ್ತದೆಯೇ ಎಂಬುದನ್ನು ಊರು ಹೀಗೆ ಮೊದಲೇ ಪರೀಕ್ಷಿಸಿಕೊಳ್ಳುತ್ತದೆ.

ಈ ಸಲ ಹೊತ್ತಿಗೆ ಸರಿಯಾಗಿ ಬಂದದ್ದು ಒಂದೇ ಒಪ್ಪೋಲೆ, ನಮ್ಮೂರಿನ ವಿಠಲ ಪಟಗಾರನದು. ಅವನ ಮೌನಕೂಟಕ್ಕೆ ಚೀಟಿಯಲ್ಲಿ ಬಂದವರು ಮಂಕಾಳಿ ಗೌಡ ಎಂಬ ಅಜ್ಜಿ. ಮಗಳ ಮನೆಗೆ ಹೋಗಲು ಸಂಜೆಯ ದೋಣಿ ಉಂಟೇ ಎಂದು ಅವರು ಹುಡುಕತೊಡಗಿದರು. ಮೊದಲ ಸಲ ದೊಡ್ಡದೊಂದು ದೋಣಿಯ ಚಿತ್ರ ಮೂಡಿತು. “ಇದು ಎಂತದಾ ವಿಠಲಾ, ದೋಣಿ ಬತ್ತದ್ಯಾ ಕೇಳಿದ್ರೆ ದೋಣಿ ಹೆಂಗದೆ ಹೇಳಿ ತೋರಿಸ್ತದೆ! ನಾ ದೋಣಿ ಕಂಡವ್ಳಲ್ವಾ?” ಎಂದರು. ನೆರೆದವರು ನಕ್ಕರು. ವಿಠಲ ಹೆಗಲ ಮೇಲಿನ ಪಂಜಿ ಎಂಬ ತುಂಡುಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕುಳಿತ. ಮುಖ ಕೆಂಪೇರಿತೇ ಹೊರತು ಒಂದು ಸದ್ದೂ ಹೊರಡಲಿಲ್ಲ. ಎರಡನೆಯ ಸಲ ಆಕೆಗೆ ದೋಣಿಯ ಹೊತ್ತು ಸಿಕ್ಕಿತು. ಸಭೆ ಅವನನ್ನು ಒಪ್ಪಿತು. ಕಂಡ ಕೊರತೆಗಳನ್ನು ತಿದ್ದಲು ಹೊಸ ವರ್ಷದವರೆಗೆ ಹತ್ತು ವಾರಗಳಿದ್ದವು. ಕೆಲಸ ಮುಗಿದಂತೆಯೇ ಎಂದು ನಾವೆಲ್ಲ ನೆಮ್ಮದಿಯಿಂದಿದ್ದೆವು.

ಅಷ್ಟರಲ್ಲಿ ಹಿಮ್ಮುಖ ಅಂಚೆಯಲ್ಲಿ ಶ್ರೀಮತಿ ಅಣ್ಣಿಗೇರಿಯವರ ಪತ್ರ ಬಂದಿತು. ಅವರ ಒಪ್ಪೋಲೆ ತಡವಾಗಿ ಬಂದಿದೆಯೆಂದು ಅದನ್ನು ಒಡೆಯದೆ ಇರಿಸಿ, ಹಾಗೆಂದು ಅವರಿಗೆ ನಾನೇ ತಿಳಿಸಿದ್ದೆ. ಅವರು ಕೊಟ್ಟ ಉತ್ತರವನ್ನು ಒಂದಕ್ಷರವನ್ನೂ ಬದಲಿಸದೆ ಸಭೆಯಲ್ಲಿ ಓದಿದೆ: “ಸರ್ರ, ನೀವಽ ಕೊಟ್ಟ ತಾರೀಖಿಗಿಂತ ಎರಡು ದಿನ ಮೊದಲಽ ಕಳಿಸೀನಿ. ತಡ ಆತು ಅಂತ ಬರದೀರಿ. ನಾ ಹಿಂದಿನ ಕಾಲದಾಗ ಅದೀನಿ ಖರೆ, ಹಿಂದ ಬಿದ್ದಾಕಿ ಅಲ್ಲ. ಮತ್ತ ಕೆಲಸ ಸುರು ಮಾಡೂದು ಹದಿಮೂರನೇ ತಿಂಗಳ ಎರಡನೇ ತಾರೀಖು ಅಂದೀರಿ. ನಮ್ಮ ಕ್ಯಾಲೆಂಡರ್ ತಿರುವಿ ನೋಡಿದೆ, ಹಿಂದ ಗೋಡೆ ಅಷ್ಟಽ ಐತಿ. ನಾವು ಇಲ್ಲಿ ಮೂರು ಮಂದಿ ಕುಂತು ಎರಡು ತಿಂಗಳ ಕೆಲಸ ಮಾಡೀವಿ. ಚಲೋ ಆಗಿಲ್ಲಂದ್ರ ತಗದು ಒಗೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಗದು ನೋಡಿ ಹೇಳ್ರಿ.”

ಓದಿ ಮುಗಿಸುವಷ್ಟರಲ್ಲಿ ನನಗೆ ನನ್ನ ಎಣಿಕೆಯ ತಪ್ಪು ಕಂಡಿತ್ತು. ಅಲ್ಲಿಯೇ ಹೇಳಿದೆ.

ನಮ್ಮ ಸಭೆ ಸೇರುವುದು ನಡುಬೀದಿಯಲ್ಲಿ, ಇಳಿತದ ಹೊತ್ತಿನಲ್ಲಿ. ನೀರು ಮೊಣಕಾಲು ಮುಟ್ಟುವ ಮೊದಲು ಮಾತು ಮುಗಿಯಬೇಕೆಂಬುದು ವಾಡಿಕೆ. ಇದರಿಂದ ಭಾಷಣಗಳು ಚಿಕ್ಕವಾಗಿರುತ್ತವೆ. ನಿನ್ನೆ ಮೊದಲು ಮಾತನಾಡಿದವರು ಹಿರಿಯ ಸದಸ್ಯ ದೇವಿದಾಸ ಶಾನಭಾಗರು. ಅವರ ವಾದ ಹಗುರವಾದುದಲ್ಲ. ಮತ್ತೆ ಕರೆಯೋಲೆ ಹೊರಡಿಸಿದರೆ ವಿಠಲನಿಗೆ ಕೊಟ್ಟ ಒಪ್ಪಿಗೆ ರದ್ದಾಗುತ್ತದೆ. ಎಲ್ಲರೂ ಮತ್ತೆ ಮೌನಕೂಟಕ್ಕೆ ಕೂರಬೇಕಾಗುತ್ತದೆ. ತಿದ್ದಲು ಹತ್ತು ವಾರವಲ್ಲ, ನಾಲ್ಕು ದಿನ ಉಳಿಯುತ್ತದೆ. ಯಾರೂ ಗೆಲ್ಲದಿದ್ದರೆ ಊರೇ ಹೋಗುತ್ತದೆ. “ಇಷ್ಟೆಲ್ಲ ಯಾರ ಸಲುವಾಗಿ?” ಎಂದು ಅವರು ಕೇಳಿದರು. “ಆ ತಾಯಿ ತೀರಿಹೋಗಿ ನೂರು ವರ್ಷದ ಮೇಲಾಯ್ತು. ಅನ್ಯಾಯ ಆದದ್ದು ಯಾರಿಗೆ ಹೇಳಿ ಕಾಣುವ?”

ಅಧ್ಯಕ್ಷೆ ಗುಲಾಬಿ ಹರಿಕಂತ್ರ ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡರು. ಆಗಲೇ ನೀರು ಪಾದ ದಾಟಿತ್ತು. “ಪತ್ರ ಮೊನ್ನೆ ಬಂದದೆ ಶಾನಭಾಗ್ರೆ. ಸತ್ತವ್ರು ಇಷ್ಟು ಚೆಂದ ಜಗಳ ಆಡೂದಿಲ್ಲ” ಎಂದರು.

ಎಲ್ಲರ ಕಣ್ಣು ವಿಠಲನ ಮೇಲಿತ್ತು. ಗೆದ್ದ ಕೆಲಸ ಅವನದು, ಹೋಗುವುದಿದ್ದರೂ ಅವನದೇ. ಅವನು ನೀರಿನಲ್ಲಿ ಒಂದು ಹೆಜ್ಜೆ ಮುಂದೆ ಬಂದು ಹೇಳಿದ: “ಪಂಜಿ ಕಚ್ಚಿ ಕೂತವ ನಾನು. ಮತ್ತೆ ಕೂರುಕೆ ನಂಗೆ ಆಸೆ ಅಂದ್ಕಂಡ್ರಾ? ಆದ್ರೆ ಆ ಗದಗದ ಅಕ್ಕನ ಓಲೆ ಒಡೀದೇ ನಂಗೆ ಕೊಟ್ರೆ, ನಾಳೆ ಫಲಕದಲ್ಲಿ ಒಂದು ದೋಣಿ ತಪ್ಪಿದ್ರೂ ‘ಅವ್ಳು ಕಟ್ಟಿದ್ರೆ ಚಲೋ ಇತ್ತು’ ಹೇಳುಕೆ ನಮ್ಮನೆ ಮೆಟ್ಲು ಹತ್ತುವವ್ರು ನೀವೇ. ಒಂಬತ್ತು ವರ್ಷ ಅದ್ನ ಕೇಳುಕೆ ನನ್ನಿಂದಾಗ. ಒಡೀರಿ. ಗೆದ್ರೆ ಅವ್ಳ ಎದ್ರಿಗೇ ಗೆಲ್ತೆ.” ಯಾರೋ ಹಿಂದಿನಿಂದ, “ಅವ್ಳಿಗೆ ಬಾಯಿ ಮುಚ್ಕಂಡು ಕೂರೂದು ಸುಲಭ ಮಾರಾಯಾ, ಇಲ್ಲಿ ಬರೂದೇ ಇಲ್ಲ” ಎಂದರು. ವಿಠಲನೂ ನಕ್ಕ.

ನೀರು ಮೊಣಕಾಲು ಮುಟ್ಟಿತು. ವಾಡಿಕೆಯಂತೆ ಸಭೆ ಏಳಬೇಕಿತ್ತು. ಯಾರೂ ಕದಲಲಿಲ್ಲ. ಕೂಸುಗಳನ್ನು ಹೆಗಲಿಗೇರಿಸಿಕೊಂಡು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಉಬ್ಬರದ ನಡುವೆ ಇಡೀ ಊರು ನಿಂತಿತ್ತು. ಮರಳಿ ಕರೆಯುವುದು ಸರಿ ಎನ್ನುವವರು ಕೈಯೆತ್ತಬೇಕೆಂದು ಅಧ್ಯಕ್ಷೆ ಕೇಳಿದಾಗ ಎಣಿಸುವ ಅಗತ್ಯ ಬೀಳಲಿಲ್ಲ. ಕೊನೆಗೆ ಎದ್ದದ್ದು ಶಾನಭಾಗರ ಕೈ. “ಅಂಗಿ ತೋಳು ಒದ್ದೆ ಆಗ್ತದೆ ಹೇಳಿ ಎತ್ತಿದ್ದು, ಹಂಗೇ ಬರ್ಕಳಿ ನಾಯಕ್ರೆ” ಎಂದು ನನ್ನತ್ತ ನೋಡಿದರು. ಹಾಗೆಯೇ ಬರೆದುಕೊಂಡಿದ್ದೇನೆ. ಬಹುಕಾಲದಿಂದ ಈ ಊರಿನ ಬರಹ ನೋಡಿಕೊಳ್ಳುತ್ತಿದ್ದೇನೆ. ಇದಕ್ಕಿಂತ ಹೆಚ್ಚಿನ ಹೆಮ್ಮೆಯಿಂದ ಯಾವ ತೀರ್ಮಾನವನ್ನೂ ಬರೆದಿಲ್ಲ.

ಆದುದರಿಂದ ಶ್ರೀಮತಿ ಅಣ್ಣಿಗೇರಿಯವರೇ, ನಿಮ್ಮ ಒಪ್ಪೋಲೆ ಮುದ್ರೆ ಕೆಡದೆ ಸಭೆಯ ಪೆಟ್ಟಿಗೆಯಲ್ಲಿದೆ. ಬೇಕಿದ್ದರೆ ಬದಲಿಸಿ ಕಳುಹಿಸಬಹುದು, ಬೇಡವಾದರೆ ಅದನ್ನೇ ಒಡೆಯುತ್ತೇವೆ. ಮೌನಕೂಟದಲ್ಲಿ ನಿಮ್ಮ ಆಸನವನ್ನು ಖಾಲಿ ಬಿಟ್ಟಿರುತ್ತೇವೆ. ಅದರ ಪಕ್ಕದಲ್ಲಿ ಊರಿನವರೊಬ್ಬರು ನಿಮ್ಮ ಬಾಗಿಲನ್ನು ತೆರೆದು ನೋಡುತ್ತಾರೆ. ನಿಮ್ಮನ್ನು ಯಾರೂ ಕನಿಕರದಿಂದ ಗೆಲ್ಲಿಸುವುದಿಲ್ಲ. ದೋಣಿಯ ಹೊತ್ತು ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯುತ್ತೇನೆ. ಇತರ ನಿರ್ಮಾಪಕರೇ, ನಿಮಗೂ ಬಾಗಿಲು ತೆರೆದಿದೆ. ಒಂದೇ ಒಂದು ಕೋರಿಕೆ: ಒಪ್ಪೋಲೆಯೊಂದಿಗೆ ಬಳಸುವ ವಿಧಾನವೆಂಬ ಪುಸ್ತಿಕೆಯನ್ನು ದಯವಿಟ್ಟು ಕಳುಹಿಸಬೇಡಿ. ನಮ್ಮಲ್ಲಿ ಅದನ್ನು ಮಾತೆಂದೇ ಪರಿಗಣಿಸುತ್ತಾರೆ.

ನಿಮ್ಮ ಕಾಲಕ್ಕೆ ನನ್ನ ನಮಸ್ಕಾರ. ಮೊದಲ ಪತ್ರದ ದಿನಾಂಕಗಳನ್ನು ಅಳಿಸಿ, ಕೆಳಗಿನವನ್ನು ಓದಿಕೊಳ್ಳಿ.

ಸಂದೇಹ ಕೇಳಲು ಕೊನೆಯ ದಿನ: ಜೂನ್ ೧೦ ಎಂದಿತ್ತು; ಮೇ ೩೦ ಎಂದಿರಬೇಕಿತ್ತು. ಈಗ ಅಕ್ಟೋಬರ್ ೩೦.

ಒಪ್ಪೋಲೆ ತಲುಪಲು ಕೊನೆಯ ದಿನ: ಆಗಸ್ಟ್ ೪ ಎಂದಿತ್ತು, ಜುಲೈ ೧೯ ಎಂದಿರಬೇಕಿತ್ತು. ಈಗ ನವೆಂಬರ್ ೧೦.

ಮೌನಕೂಟ: ಅಕ್ಟೋಬರ್ ೧೨ ಎಂದಿತ್ತು; ಸೆಪ್ಟೆಂಬರ್ ೨೧ ಎಂದಿರಬೇಕಿತ್ತು. ಈಗ ನವೆಂಬರ್ ೩೦.

ಹೊಸ ಊರಬಾಗಿಲು ತೆರೆಯುವ ದಿನ: ಹದಿಮೂರನೆಯ ತಿಂಗಳ ೨ ಎಂದಿತ್ತು, ಡಿಸೆಂಬರ್ ೪ ಎಂದಿರಬೇಕಿತ್ತು. ಈಗಲೂ ಡಿಸೆಂಬರ್ ೪. ಅಂದು ಹೊಸ ವರ್ಷದ ಮೊದಲ ಉಬ್ಬರ; ಅದನ್ನು ಮುಂದೂಡುವ ಅಧಿಕಾರ ಸಭೆಗಿಲ್ಲ.